ತಿನ್ನೋ ಕಡೆ ಎಣ್ಣೆ

ಹಾಲು ಸೀದು, ಪಾತ್ರೆಯ ತಳ ಕಪ್ಪಾಗಿ, ಹೊಗೆ ಅಡುಗೆಮನೆಯ ಸೂರು ಮುಟ್ಟಿದರೂ ಅವನು ಒಲೆಯಿಂದ ಒಂದು ಮಾರು ದೂರದಲ್ಲಿ ಕೂತು ಪೇಪರು ಓದುತ್ತಲೇ ಇದ್ದ. ಹೆಂಡತಿ ಒಳಗೆ ಬಂದು ಒಲೆ ಆರಿಸಿ, ಇಕ್ಕಳದಲ್ಲಿ ಪಾತ್ರೆ ಎತ್ತಿ ತೊಟ್ಟಿಗಿಟ್ಟು ನಲ್ಲಿ ತಿರುಗಿಸಿದಳು. ಸುಯ್ಯೆಂದ ಸದ್ದಿಗೆ ಅವನು ತಲೆಯೆತ್ತಿದ.

“ರೀ, ವಾಸನೆ ಬರಲಿಲ್ವಾ?”

“ಪೇಪರಲ್ಲಿ ಮುಳುಗಿಹೋಗಿದ್ದೆ ಕಣೆ.”

“ಪಕ್ಕದ ಮನೆಯವರು ಕಿಟಕಿ ಹಾಕ್ಕೊಂಡ್ರು. ನೀವು ಇಲ್ಲೇ ಕೂತಿದ್ದೀರಿ.”

“ನೆಗಡಿ. ಮೂಗು ಕಟ್ಟಿದೆ.”

“ನೆಗಡಿ ವಾಸಿಯಾಗಿ ಎಷ್ಟು ಕಾಲ ಆಯ್ತು?” ಅವಳು ಸುಟ್ಟ ಪಾತ್ರೆಯನ್ನು ಉಜ್ಜುತ್ತಲೇ, ಅವನತ್ತ ತಿರುಗದೆ ಕೇಳಿದಳು. “ಫ್ಯಾಕ್ಟರಿಯಲ್ಲಿ ಹೇಳಿದೀರಾ?”

“ಹೇಳೋಕೆ ಏನಿದೆ?” ಎಂದು ಅವನು ಪೇಪರು ಮಡಿಸಿಟ್ಟು ಎದ್ದ. ಕೋಪ ಬಂದರೆ ಅವನು ಮಾತು ಬಿಟ್ಟು ಬೂಟಿನ ಲೇಸಿನೊಂದಿಗೆ ಜಗಳಕ್ಕಿಳಿಯುವವನು. ಅಂದೂ ಲೇಸು ಬಿಗಿದು ಬಿಗಿದು ಕಟ್ಟಿ, ಕಾಫಿಯನ್ನೂ ಕುಡಿಯದೆ ಹೊರಟುಬಿಟ್ಟ.

ಅವನು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಹಿರಿಯ ಫಿಟ್ಟರು. ಯಂತ್ರಗಳಿಗೆ ಎಣ್ಣೆ, ಗ್ರೀಸು ಹಾಕಿಸುವ ಜವಾಬ್ದಾರಿ ಅವನದು. ಅಲ್ಲಿ ಎಣ್ಣೆಯೆಂದರೆ ಎರಡು ಜಾತಿ. ಹಿಟ್ಟು ಕಲಸುವ ಮಿಕ್ಸರು, ಅಚ್ಚೊತ್ತುವ ರೋಲರು, ಭಟ್ಟಿಯೊಳಗೆ ಓಡುವ ಸರಪಳಿ, ಇವಕ್ಕೆಲ್ಲ ಅಪ್ಪಿತಪ್ಪಿ ಒಂದಿಷ್ಟು ಸೋಂಕಿದರೂ ತಿನ್ನುವವರಿಗೆ ಕೆಡುಕಾಗದಂಥ ಎಣ್ಣೆ. ಫೋರ್ಕ್‌ಲಿಫ್ಟು, ಹಿತ್ತಲ ಕಂಪ್ರೆಸರು, ಗೇಟಿನ ಚಕ್ರ ಇಂಥವಕ್ಕೆ ಮಾಮೂಲಿ ಎಣ್ಣೆ. ಮೊದಲನೆಯದನ್ನು ‘ತಿನ್ನೋ ಕಡೆ ಎಣ್ಣೆ’ ಎಂದೂ ಎರಡನೆಯದನ್ನು ‘ಹೊರಗಡೆ ಎಣ್ಣೆ’ ಎಂದೂ ಎಲ್ಲರೂ ಕರೆಯುತ್ತಿದ್ದರು. ಡಬ್ಬಕ್ಕೆ ಸುರಿದ ಮೇಲೆ ಎರಡೂ ನೋಡಲು ಒಂದೇ ಥರ, ತಿಳಿ ಹೊಂಬಣ್ಣ. ಆದರೆ ಹೊರಗಡೆ ಎಣ್ಣೆಗೆ ಗಂಧಕದ ಘಾಟು. ತಿನ್ನೋ ಕಡೆಯದಕ್ಕೆ ವಾಸನೆಯೇ ಇಲ್ಲವೆನ್ನಬೇಕು.

ಆ ಘಾಟು ಎಷ್ಟು ತೆಳುವಾಗಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಒರೆಸಿಟ್ಟ ಡಬ್ಬವನ್ನು ಮೂಗಿನ ಬಳಿ ಒಮ್ಮೆ ಆಡಿಸಿ, “ಇದರಲ್ಲಿ ಹೋದ ತಿಂಗಳು ಹೊರಗಡೇದು ಹಾಕಿದ್ರಿ” ಎಂದುಬಿಡುತ್ತಿದ್ದ. ಕೇಳಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಹೀಗಾಗಿ ಅವನ ನಿಜವಾದ ಹೆಸರು ಹಾಜರಿ ಕರೆಯುವಾಗ ಮಾತ್ರ ಬಳಕೆಗೆ ಬರುತ್ತಿತ್ತು, ಉಳಿದಂತೆ ಅವನು ಮೂಗಣ್ಣ. ಹೊಸದಾಗಿ ಬಂದ ಇಂಜಿನಿಯರಮ್ಮ, ಒಂದೊಂದು ಎಣ್ಣೆಯ ಡಬ್ಬಕ್ಕೂ ಅದನ್ನು ಹಾಕುವ ಯಂತ್ರದ ಬಾಯಿಗೂ ಒಂದೇ ಬಣ್ಣದ ಪಟ್ಟಿ ಬಳಿಯೋಣ ಎಂದಾಗ ಮೊದಲು ಮೂಗು ಮುರಿದವನೂ ಅವನೇ. “ಬಣ್ಣ ನೋಡಿ ಎಣ್ಣೆ ಗುರುತು ಹಿಡಿಯೋಕೆ ನಾವೇನು ಬಾಲವಾಡಿ ಮಕ್ಕಳಾ ಮೇಡಂ?” ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕು, ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದಳು.

ಆಮೇಲೆ ಬಂದದ್ದು ಆ ನೆಗಡಿ. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಹೋದ ವಾಸನೆ ಮಾತ್ರ ವಾಪಸು ಬರಲಿಲ್ಲ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಸೋಪು ಮೂಸಿದ, ಹೆಂಡತಿ ಇಲ್ಲದಾಗ ಬೆಳ್ಳುಳ್ಳಿ ಜಜ್ಜಿ ಮೂಸಿದ. ಎಲ್ಲವೂ ನೀರು ಮೂಸಿದಂತೆ. ಇಂದಲ್ಲ ನಾಳೆ ಬರುತ್ತದೆಂದು ಸುಮ್ಮನಿದ್ದ. ಹೀಗೆ ಸುಮ್ಮನಿದ್ದಾಗಲೇ ಒಂದು ದಿನ ಉಗ್ರಾಣದವನು ಕರೆದ. ಹೊಸ ಪೀಪಾಯಿಯೊಂದರ ಮುಚ್ಚಳದ ಮುದ್ರೆ ದಾರಿಯಲ್ಲಿ ಒಡೆದುಹೋಗಿತ್ತು. ಒಳಗಿರುವುದು ತಿನ್ನೋ ಕಡೆ ಎಣ್ಣೆಯೇ ಹೌದೋ ಅಲ್ಲವೋ, ವಾಪಸು ಕಳಿಸಬೇಕೋ ಬೇಡವೋ ಎಂದು ಕೇಳಿದ. ಮೂಗಣ್ಣ ಬಗ್ಗಿದ, ಮೂಸಿದ. ಯಾವ ವಾಸನೆಯೂ ಇರಲಿಲ್ಲ. ಇರಲಿಲ್ಲವೆಂದರೆ ಒಳ್ಳೆಯದೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು, “ಇಳಿಸಿಕೋ” ಎಂದ.

ಹಾಲು ಸೀದ ದಿನ ಅವನು ಕಾರ್ಖಾನೆ ಮುಟ್ಟಿದಾಗ ಹಿಟ್ಟಿನ ವಿಭಾಗದಲ್ಲಿ ಮಿಕ್ಸರು ನಿಂತಿತ್ತು. ಅದನ್ನು ನಡೆಸುವ ಹೆಂಗಸು ತಲೆಗೆ ಕಟ್ಟಿದ ಬಿಳಿ ಬಟ್ಟೆಯನ್ನು ಸರಿಪಡಿಸಿಕೊಳ್ಳುತ್ತ ತೊಟ್ಟಿಯೊಳಗೆ ಬೆರಳು ತೋರಿಸಿದಳು. ಕಲಸಿದ ಹಿಟ್ಟಿನ ಮೇಲೆ ಅಂಗೈಯಗಲದ ಎಣ್ಣೆಯ ಕಲೆ. ಮೇಲಿನ ಗೇರ್‌ಪೆಟ್ಟಿಗೆಯಲ್ಲಿ ಎಣ್ಣೆ ತಡೆಯುವ ರಬ್ಬರಿನ ಸೀಲು ಸವೆದು, ಅಕ್ಷದ ಗುಂಟ ಎಣ್ಣೆ ತೊಟ್ಟಿಕ್ಕುತ್ತಿತ್ತು.

“ಈ ಹಿಟ್ಟು ಹೇಗೂ ಚೆಲ್ಲೋದೇ,” ಎಂದಳು ಆಗಲೇ ಬಂದು ನಿಂತಿದ್ದ ಇಂಜಿನಿಯರಮ್ಮ. “ನನ್ನ ಚಿಂತೆ ಅದಲ್ಲ. ಇದು ನಿನ್ನೆಯಿಂದಲೇ ಸಣ್ಣಗೆ ಜಿನುಗಿರಬೇಕು. ನಿನ್ನೆ ಬೇಯಿಸಿದ್ದೆಲ್ಲ ಲಾರಿ ಹತ್ತಿ ಕೂತಿದೆ.”

ಮಾಲು ಕಳಿಸುವ ವಿಭಾಗದ ಮೇಲ್ವಿಚಾರಕ ಅವಳ ಹಿಂದೆಯೇ ಓಡಿಬಂದಿದ್ದ. ಅವನನ್ನು ಎಲ್ಲರೂ ಗಡಿಬಿಡಿ ಎನ್ನುತ್ತಿದ್ದರು. ಎದುರಿಗೆ ಕರೆದರೂ ಬೇಸರಪಡಲು ಅವನಿಗೆ ಪುರುಸೊತ್ತಿರಲಿಲ್ಲ. “ಡ್ರೈವರುಗಳು ಇಂಜಿನ್ ಶುರುಮಾಡಿಕೊಂಡು ಕೂತಿದ್ದಾರೆ ಮೇಡಂ. ತಿನ್ನೋ ಕಡೆ ಎಣ್ಣೆ ತಾನೇ, ಹಾಗೆ ಒಂದೆರಡು ಹನಿ ಬಿದ್ದರೆ ನಡೆಯುತ್ತೆ ಅಂತಲೇ ತಾನೇ ಅದನ್ನ ತರಿಸೋದು?”

“ಅದೇ ಎಣ್ಣೆ ಅಂತ ಖಾತ್ರಿಯಾದರೆ ಹೋಗಲಿ.”

“ಖಾತ್ರಿಗೇನು, ಮೂಗಣ್ಣ ಇಲ್ಲೇ ಇದ್ದಾನಲ್ಲ. ಮೂಗಣ್ಣ, ಒಂದು ಸಲ ಮೂಸಿ ಹೇಳಿಬಿಡಪ್ಪ. ನನ್ನ ಜೀವ ತಿನ್ನಬೇಡ.”

ಮೂಗಣ್ಣ ಏಣಿ ಹತ್ತಿದ. ಅಕ್ಷದ ಬುಡದಲ್ಲಿ ಬೆರಳಾಡಿಸಿ, ಹೆಬ್ಬೆರಳಿಗೆ ಉಜ್ಜಿ, ಅಭ್ಯಾಸಬಲದಿಂದ ಮೂಗಿನ ಬಳಿ ತಂದ. ಬೆರಳು ಜಾರುತ್ತಿತ್ತು, ತುಸು ಬೆಚ್ಚಗಿತ್ತು. ಅಷ್ಟೇ. ಈ ಪೆಟ್ಟಿಗೆಗೆ ಎಣ್ಣೆ ಹೋದದ್ದು ಆ ಮುದ್ರೆ ಒಡೆದ ಪೀಪಾಯಿಯಿಂದ ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು, ಹಾಕಿಸಿದವನು ಅವನೇ. ಕೆಳಗೆ ಮೂವರೂ ಕತ್ತೆತ್ತಿ ನಿಂತಿದ್ದರು. ಮಿಕ್ಸರಿನ ಹೆಂಗಸು ಆಗಲೇ ಹಿಟ್ಟು ಚೆಲ್ಲಲು ಸಲಿಕೆ ಹಿಡಿದಿದ್ದಳು. ‘ಒಳ್ಳೇದೇ’ ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಬಿಟ್ಟುಬಿಟ್ಟರೆ ಲಾರಿಗಳು ಹೊರಡುತ್ತವೆ, ಸೀಲು ಬದಲಿಸಿದರಾಯಿತು, ಮಧ್ಯಾಹ್ನದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಆ ಬಿಸ್ಕತ್ತು ಹಲ್ಲು ಬಾರದ ಮಕ್ಕಳು ಹಾಲಲ್ಲಿ ನೆನೆಸಿಕೊಂಡು ಚಪ್ಪರಿಸುವಂಥದ್ದು.

ಅವನು ಏಣಿಯಿಂದ ಇಳಿದ. ಬೆರಳನ್ನು ಬಟ್ಟೆಗೆ ಒರೆಸಿಕೊಂಡ.

“ನನಗೆ ಗೊತ್ತಾಗ್ತಿಲ್ಲ ಮೇಡಂ.”

ಗಡಿಬಿಡಿ ನಕ್ಕ. “ಬೆಳಗ್ಗೆ ಬೆಳಗ್ಗೆ ತಮಾಷೆ ಬೇಡ ಮಾರಾಯ.”

“ತಮಾಷೆ ಅಲ್ಲ. ನನಗೆ ಮೂಗಿಲ್ಲ. ನೆಗಡಿ ಬಂದು ಹೋದಾಗಿನಿಂದ ಯಾವ ವಾಸನೆಯೂ ಬರ್ತಿಲ್ಲ.”

ಇಂಜಿನಿಯರಮ್ಮ ಅವನ ಮುಖವನ್ನೇ ನೋಡುತ್ತ, ದನಿ ತಗ್ಗಿಸಿ ಕೇಳಿದಳು:

“ಅಣ್ಣಾ, ಈ ನಡುವೆ ನೀವು ಮೂಸಿ ಸರಿ ಇದೆ ಅಂದಿದ್ದು ಏನಾದರೂ ಇದೆಯಾ?”

ಇದು ಬಂದೇ ಬರುವ ಪ್ರಶ್ನೆ ಎಂದು ಅವನಿಗೆ ಏಣಿಯ ಮೇಲೆಯೇ ಗೊತ್ತಿತ್ತು. “ಒಂದು ಪೀಪಾಯಿ,” ಎಂದ. “ಮುದ್ರೆ ಒಡೆದಿತ್ತು. ಇಳಿಸಿಕೊಳ್ಳೋಕೆ ನಾನೇ ಹೇಳಿದೆ. ಇದರೊಳಗೆ ಇರೋದು ಅದೇ.”

ಅವಳ ಕಿವಿ ಕೆಂಪಾದವು. ಕೂಗಾಡಲಿಲ್ಲ. ಗಡಿಬಿಡಿಗೆ ಲಾರಿಗಳ ಇಂಜಿನ್ ಆರಿಸಲು ಹೇಳಿದಳು. ಪೀಪಾಯಿಯಿಂದಲೂ ಪೆಟ್ಟಿಗೆಯಿಂದಲೂ ಎಣ್ಣೆ ತೆಗೆಸಿ, ಬಾಟಲಿಗೆ ತುಂಬಿಸಿ, ನಿನ್ನೆಯ ಬಿಸ್ಕತ್ತಿನ ಒಂದೆರಡು ಪೊಟ್ಟಣಗಳ ಜೊತೆ ಪ್ರಯೋಗಾಲಯಕ್ಕೆ ಕಳಿಸಿದಳು. ಅದೆಲ್ಲ ಮುಗಿದ ಮೇಲೆ, ಹೋಗುವ ಮುಂಚೆ, ಅವನ ಹತ್ತಿರ ಬಂದು ನಿಂತಳು.

“ನೀವು ಸರಿ ಅಂದರೆ ಸಾಕು ಅಂತ ನಾನೂ ಕಣ್ಣುಮುಚ್ಚಿ ಕೂತಿದ್ದೆ. ನಿಮ್ಮ ಮೇಲಲ್ಲ, ನನ್ನ ಮೇಲೇ ಸಿಟ್ಟು ಬರ್ತಿದೆ. ನಿಮ್ಮ ಮೇಲೂ ಬರ್ತಿದೆ.”

“ಬರಲೇಬೇಕು ಮೇಡಂ,” ಎಂದ ಅವನು. ಸಂಜೆಯವರೆಗೆ ಮಿಕ್ಸರಿನ ಸೀಲು ಬಿಚ್ಚಿ, ಹಲ್ಲುಗಾಲಿಗಳನ್ನು ಒಂದೊಂದಾಗಿ ಒರೆಸಿ ತೊಳೆದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಮಾತಾಡಿಸಬಾರದೆಂದಲ್ಲ, ಏನೆಂದು ಕರೆಯಬೇಕೆಂದು ತಿಳಿಯದೆ.

ಮನೆಗೆ ಹೋದವನು ಬೂಟು ಬಿಚ್ಚುವ ಮೊದಲೇ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ನನಗೆ ಗೊತ್ತಿತ್ತು. ತಲೆಗೆ ಹಚ್ಚೋ ಎಣ್ಣೆ ಬದಲಾಯಿಸಿದೆ, ನೀವು ತುಟಿಪಿಟಿಕ್ ಅನ್ನಲಿಲ್ಲ. ಮೊದಲಾಗಿದ್ದರೆ ಹೊಸ್ತಿಲಲ್ಲೇ ಕೇಳ್ತಿದ್ರಿ.” ಅಷ್ಟಕ್ಕೇ ಬಿಡದೆ ಹೇಳಿದಳು: “ಹಾಲು ಸೀಯೋವಾಗಲೂ ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ಈಗ ಏಳ್ತಾರೆ, ಈಗ ಏಳ್ತಾರೆ ಅಂತ.”

“ಹಾಲು ದಂಡ ಮಾಡಿದೆಯಲ್ಲ.”

“ನೀವು ಬಾಯಿ ಬಿಟ್ಟಿದ್ದರೆ ಉಳೀತಿತ್ತು.”

ಅವನಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗುವಾದ್ದರಿಂದ ಅದು ಕೆಮ್ಮಿನಂತೆ ಕೇಳಿಸಿತು. ಅವಳು ನೀರು ತಂದುಕೊಟ್ಟಳು. ಡಾಕ್ಟರ ಬಳಿ ಹೋಗುವ ಮಾತೆತ್ತಿದಾಗ ಈ ಸಲ ಅವನು ಬೇಡವೆನ್ನಲಿಲ್ಲ.

ಮರುದಿನ ಮಧ್ಯಾಹ್ನ ಪ್ರಯೋಗಾಲಯದಿಂದ ಫೋನು ಬಂತು. ಪೀಪಾಯಿಯಲ್ಲಿದ್ದದ್ದು ತಿನ್ನೋ ಕಡೆ ಎಣ್ಣೆಯೇ. ಬೇರೇನೂ ಬೆರೆತಿರಲಿಲ್ಲ. ಬಿಸ್ಕತ್ತಿನಲ್ಲಿ ಸಿಕ್ಕಿದ್ದೂ ಮಿತಿಯೊಳಗೇ ಇತ್ತು. ಲಾರಿಗಳು ಧೂಳೆಬ್ಬಿಸಿಕೊಂಡು ಹೊರಟವು. ಗೇಟು ಮುಚ್ಚಿಸಿ ಬಂದ ಗಡಿಬಿಡಿ ಮೂಗಣ್ಣನ ಪಕ್ಕದಲ್ಲಿ ಉಸ್ಸೆಂದು ಕೂತ.

“ನಿನ್ನೆ ‘ಸರಿ ಇದೆ’ ಅಂದಿದ್ದರೆ ಸರಿಯೇ ಆಗ್ತಿತ್ತಲ್ಲೋ. ಇಷ್ಟೆಲ್ಲ ರಂಪ ಯಾಕೆ ಬೇಕಿತ್ತು?”

“ಸರಿಯೇ ಆಗ್ತಿತ್ತು,” ಎಂದು ಮೂಗಣ್ಣ ಒಪ್ಪಿಕೊಂಡ. “ಆದರೆ ನನಗೆ ಗೊತ್ತಿರಲಿಲ್ಲವಲ್ಲ.”

ಗಡಿಬಿಡಿ ಅವನನ್ನು ಕ್ಷಣಕಾಲ ನೋಡಿದ. ಆ ದಿನವಿಡೀ ಅವನು ಒಂದು ಕಡೆ ಕೂತು ನೋಡಿದ್ದು ಅದೊಂದೇ ಸಲ. ಆಮೇಲೆ ಯಾರೋ ಕರೆದರು, ಎದ್ದು ಓಡಿದ.

ಇಂಜಿನಿಯರಮ್ಮನ ಕೋಣೆಗೆ ಮೂಗಣ್ಣ ತಾನೇ ಹೋದ. ಅವಳು ಏನು ಹೇಳುವಳೋ ಎಂದು ಕಾಯದೆ, “ಆ ಬಣ್ಣದ ಪಟ್ಟಿ ಬಳಿಯೋದು, ಅದನ್ನ ನಾನೇ ಮಾಡ್ತೀನಿ ಮೇಡಂ,” ಎಂದ. “ಯಾವ ಯಂತ್ರದ ಬಾಯಿ ಎಲ್ಲಿದೆ ಅಂತ ನನಗೆ ಕತ್ತಲಲ್ಲೂ ಗೊತ್ತು.”

“ಬೆಳಕಲ್ಲೇ ಮಾಡಿ,” ಎಂದಳು ಅವಳು. ದನಿಯಲ್ಲಿ ಇನ್ನೂ ಬಿಗುವಿತ್ತು. ಆದರೂ ಬೀರು ತೆರೆದು, ಎಂದೋ ತರಿಸಿಟ್ಟಿದ್ದ ಬಣ್ಣದ ಡಬ್ಬಗಳನ್ನು ಮೇಜಿನ ಮೇಲೆ ಜೋಡಿಸತೊಡಗಿದಳು. “ಮುದ್ರೆ ಒಡೆದಿದ್ದು ಇನ್ನು ವಾಪಸು. ಯಾರ ಮೂಗೂ ಬೇಡ.”

ಆ ವಾರವೆಲ್ಲ ಅವನು ಯಂತ್ರದಿಂದ ಯಂತ್ರಕ್ಕೆ ಹೋಗಿ, ಸಣ್ಣ ಕುಂಚ ಹಿಡಿದು, ಬಗ್ಗಿ, ಮಲಗಿ, ಏಣಿ ಹತ್ತಿ ಬಳಿದ. ತಿನ್ನೋ ಕಡೆಗೆ ನೀಲಿ, ಹೊರಗಡೆಗೆ ಕೆಂಪು. ಮಿಕ್ಸರಿನ ಹೆಂಗಸು, “ಅಂಚು ಸೊಟ್ಟ ಆಯ್ತು ನೋಡಣ್ಣ” ಎಂದು ಛೇಡಿಸಿದಳು. ಅವನು ಒರೆಸಿ ಮತ್ತೆ ಬಳಿದ.

ಕೊನೆಯ ದಿನ ಸಂಜೆ ಮನೆಗೆ ಬಂದಾಗ ಎರಡೂ ಕೈಗೆ ಮಣಿಕಟ್ಟಿನವರೆಗೆ ಬಣ್ಣ ಮೆತ್ತಿತ್ತು. ಹೆಂಡತಿ ಹಳೆಯ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅವನನ್ನು ಮಣೆಯ ಮೇಲೆ ಕೂರಿಸಿ, ಒಂದೊಂದೇ ಬೆರಳನ್ನು ಹಿಡಿದು ಉಜ್ಜತೊಡಗಿದಳು.

“ವಾಸನೆ ತುಂಬಾ ಇದೆಯೇನೇ?” ಎಂದು ಅವನು ಕೇಳಿದ.

“ತಲೆ ಸಿಡಿಯೋಷ್ಟು.”

ಅವನು ಎದ್ದುಹೋಗಿ ಮೊಣಕೈಯಿಂದ ಕಿಟಕಿಯ ಅಗುಳಿ ಸರಿಸಿ, ಅದರ ಎರಡೂ ಕದಗಳನ್ನು ಪೂರ್ತಿ ತೆರೆದ. ಬೀದಿಯ ಗಾಳಿ ಒಳಗೆ ಬಂದು ಅವಳ ಹಣೆಯ ಕೂದಲನ್ನು ಅಲ್ಲಾಡಿಸಿತು. ಅವನು ಮತ್ತೆ ಬಂದು ಮಣೆಯ ಮೇಲೆ ಕೂತು, ಇನ್ನೊಂದು ಕೈಯನ್ನು ಅವಳ ಮುಂದೆ ಚಾಚಿದ.