ಅರ್ಧ ಸಿಪಾಯಿಗೆ ಕ್ಯಾಂಟೀನಿನ ಬಾಗಿಲು

"ಅಮ್ಮಾ, ಅಪ್ಪ ಅರ್ಧ ಸಿಪಾಯಿ ಅಂತೆ. ಯಾವ ಅರ್ಧ? ಮೇಲಿಂದಾ, ಕೆಳಗಿಂದಾ?"

ಮಗಳು ಇದನ್ನು ಕೇಳಿದ್ದು ಸೈನಿಕರಿಗೆ ಅಗ್ಗದಲ್ಲಿ ಸಾಮಾನು ಕೊಡುವ ಮಿಲಿಟರಿ ಕ್ಯಾಂಟೀನಿನ ಗೇಟಿನ ಮುಂದೆ, ಕಾವಲಿನವನಿಗೂ ಕೇಳಿಸುವಷ್ಟು ಜೋರಾಗಿ. ಅವನು ನಗು ತಡೆಯಲಾರದೆ ಟೋಪಿ ಸರಿಮಾಡಿಕೊಂಡ. ಆ ಬಿರುದು ಕೊಟ್ಟವರು ಅವಳ ತಾತ, ಅಂದರೆ ನನ್ನ ಅಪ್ಪ. ಸೈನ್ಯದಲ್ಲಿ ಪೂರ್ತಿ ದುಡಿದು ಪಿಂಚಣಿ ತೆಗೆದುಕೊಂಡು ಬಂದವರು. ಒಂದು ಕಾಲಿಗೆ ಹಳೆಯ ಗಾಯವಿದ್ದರೂ ತರಕಾರಿ ತರುವುದಕ್ಕೂ ಎದೆ ಸೆಟೆಸಿ, ಕೈ ಬೀಸಿಕೊಂಡೇ ಹೋಗುತ್ತಾರೆ. ಬೀದಿಯವರಿಗೆಲ್ಲ ಅವರು ಪೆರೇಡ್ ತಾತ.

ಬಿರುದು ಪಡೆದವರು ನನ್ನ ಗಂಡ. ಇವರೂ ಸೈನ್ಯದಲ್ಲಿದ್ದವರೇ. ಆದರೆ ಇಷ್ಟು ವರ್ಷ ಅಂತ ಗೊತ್ತುಮಾಡಿ ಸೇರಿಸಿಕೊಂಡು, ಅವಧಿ ಮುಗಿದ ಮೇಲೆ ಕೈ ಕುಲುಕಿ ಮನೆಗೆ ಕಳಿಸಿದ ತಂಡದವರು. ಪಿಂಚಣಿಯಿಲ್ಲ. ಪಿಂಚಣಿ ಇಲ್ಲದವರಿಗೆ ಕಾರ್ಡಿಲ್ಲ, ಕಾರ್ಡಿಲ್ಲದವರಿಗೆ ಕ್ಯಾಂಟೀನಿಲ್ಲ. ಈಗ ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಾರೆ.

ತಮಾಷೆಯೆಂದರೆ, ಕಾರ್ಡಿದ್ದವರ ಜೊತೆ ಮನೆಯವರೊಬ್ಬರು ಒಳಗೆ ಹೋಗಬಹುದು. ನಾನು ಹೋಗಿದ್ದೇನೆ. ಬಂದೂಕನ್ನು ಚಿತ್ರದಲ್ಲಿ ಮಾತ್ರ ನೋಡಿರುವ ನನ್ನ ಮಗಳು ಹೋಗಿದ್ದಾಳೆ. ಪಕ್ಕದ ಮನೆಯ ಅತ್ತೆ ಕೂಡ ಒಮ್ಮೆ ಅಪ್ಪನ ತಂಗಿಯಾಗಿ ನುಸುಳಿ, ಕುಕ್ಕರ್ ಹಿಡಿದುಕೊಂಡು ಬಂದಿದ್ದಾಳೆ. ಹೋಗದವರು ಇವರೊಬ್ಬರೇ. ತಿಂಗಳಿಗೊಮ್ಮೆ ನಮ್ಮನ್ನು ಕರೆತಂದು, ರಸ್ತೆಯ ಆಚೆ ಬದಿಯ ಮರದ ಕೆಳಗೆ ವ್ಯಾನ್ ನಿಲ್ಲಿಸಿ, ಮೊದಲೇ ಫಳಫಳ ಅನ್ನುತ್ತಿರುವ ಗಾಜನ್ನು ಮತ್ತೆ ಒರೆಸುತ್ತ ಇರುತ್ತಾರೆ.

"ರೀ, ಅಳಿಯ ಅಂತ ಹೇಳ್ಕೊಂಡು ಬಂದ್ರೆ ತಲೆ ಮೇಲಿನ ಕಿರೀಟ ಬಿದ್ದೋಗುತ್ತಾ?" ಅಂತ ಕೇಳಿದ್ದೆ.

"ಅಳಿಯ ಅಂತ ನಿಮ್ಮಪ್ಪನ ಮನೆಗೆ ಬರ್ತೀನಲ್ಲ, ಸಾಕು. ಇಲ್ಲಿಗೆ ಹೋದ್ರೆ ನಾನು ನಾನಾಗೇ ಹೋಗ್ಬೇಕು."

"ಒಳಗೇನು ನಿಧಿ ಇಲ್ಲ. ಅದೇ ಸೋಪು, ಅದೇ ಹಲ್ಲುಜ್ಜೋ ಪೇಸ್ಟು. ಮೂಲೆ ಅಂಗಡೀಲೂ ಸಿಗುತ್ತೆ."

"ಹಾಗಾದ್ರೆ ನಿಮ್ಮಪ್ಪ ಯಾಕೆ ಇಸ್ತ್ರಿ ಬಟ್ಟೆ ಹಾಕ್ಕೊಂಡು ಬರ್ತಾರೆ, ಸೋಪು ತಗೊಳ್ಳೋಕೆ?"

ಟೈಲರಿಂಗ್ ಮಾಡುವವಳು ನಾನು. ಬಟ್ಟೆ ನೋಡಿದರೆ ಮನುಷ್ಯ ಎಲ್ಲಿಗೆ ಹೊರಟಿದ್ದಾನೆ ಅಂತ ಹೇಳಬಲ್ಲೆ. ಅಪ್ಪನ ಪ್ಯಾಂಟಿನ ಇಸ್ತ್ರಿ ಗೆರೆ ನೋಡಿದರೆ ಅವರು ಅಂಗಡಿಗೆ ಹೊರಟಿದ್ದಾರೆ ಅಂತ ಯಾರೂ ಹೇಳಲಾರರು.

ಅವತ್ತು ಮಗಳ ಪ್ರಶ್ನೆಗೆ ನಾನು ಉತ್ತರ ತಡಕಾಡುತ್ತಿದ್ದಾಗಲೇ ಗೇಟಿಗೆ ಅಂಟಿಸಿದ ನೋಟೀಸು ಕಣ್ಣಿಗೆ ಬಿತ್ತು. ಸೇವೆ ಮಾಡಿ ಪಿಂಚಣಿಯಿಲ್ಲದೆ ಬಂದವರನ್ನೂ ಕ್ಯಾಂಟೀನಿಗೆ ಬಿಡಬಹುದೇ ಅನ್ನುವುದನ್ನು ತೀರ್ಮಾನಿಸಲು ಶನಿವಾರ ಕಾರ್ಡಿನವರ ಸಭೆ. ಕೈ ಎತ್ತಿ ಹೇಳಬೇಕು. ಅಪ್ಪ ಅದನ್ನು ಓದಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಅಲ್ಲಿ ನಿಂತಿದ್ದವರೆಲ್ಲ ಅಪ್ಪನ ಮುಖ ನೋಡಿದರು. ಅಲ್ಲಿಗೆ ಬರುವವರಲ್ಲಿ ಎಲ್ಲರಿಗಿಂತ ಹಿರಿಯರು ಅವರೇ. ಅವರ ಕೈ ಏಳುವ ಕಡೆಗೇ ಹಿಂದಿನ ಸಾಲಿನ ಕೈಗಳೂ ಏಳುತ್ತವೆ.

ಅಂದರೆ ಇವರು ಆ ಗೇಟು ದಾಟುವುದೂ ಬಿಡುವುದೂ ನನ್ನ ಅಪ್ಪನ ಒಂದು ಕೈಯಲ್ಲಿತ್ತು.

ಅವತ್ತು ಅಪ್ಪನ ಮನೆಯಲ್ಲಿ ಊಟಕ್ಕೆ ಕೂತಾಗ ಅವರು ತಾವೇ ಮಾತು ತೆಗೆದರು. "ಏನಂತೀರಿ ಅಳಿಯಂದ್ರೇ? ನೋಟೀಸು ನೋಡಿದ್ರಾ?"

"ರಸ್ತೆ ಆಚೆಯಿಂದ ಓದೋಕಾಗಲ್ಲ ಮಾವ," ಅಂದರು ಇವರು, ನೀರು ಬಗ್ಗಿಸಿಕೊಳ್ಳುತ್ತ.

"ನೋಡಿ, ಬೇಜಾರು ಮಾಡ್ಕೋಬೇಡಿ. ನನ್ನ ಲೆಕ್ಕ ಬೇರೆ. ಆ ಕಾರ್ಡು ನನ್ನೊಬ್ಬನದಲ್ಲ. ನಾನು ಎಲ್ಲೋ ಗುಡ್ಡದ ಮೇಲಿದ್ದಾಗ ಇವಳಮ್ಮ ಒಬ್ಬಳೇ ಮಕ್ಕಳ ಜ್ವರ, ಸ್ಕೂಲು, ಸೋರೋ ಮನೆ ಎಲ್ಲ ನೋಡ್ಕೊಂಡ್ಳು. ಆಯಸ್ಸೇ ಹಾಗೆ ಕಳೆದೋಯ್ತು. ಅದಕ್ಕೆ ಅಂತ ಕೊಟ್ಟಿದ್ದು ಅದು. ನಾಲ್ಕು ದಿನ ಇದ್ದು ಬಂದೋರಿಗೂ ಅದನ್ನೇ ಕೊಟ್ರೆ ಅವಳು ಪಟ್ಟ ಪಾಡಿಗೆ ಏನು ಬೆಲೆ?"

ಅಪ್ಪ ಹೇಳಿದ್ದು ಸುಳ್ಳೇನಲ್ಲ. ಆದರೂ ಕೇಳಿದೆ, "ಅಪ್ಪಾ, ಇವರೇನು ನಡುವೆ ಓಡಿ ಬಂದ್ರಾ? ಸಾಕು ಅಂತ ಅವರೇ ಕಳಿಸಿದ್ದಲ್ವಾ?"

"ನಾನೆಲ್ಲಿ ಓಡಿ ಬಂದ್ರು ಅಂದೆ? ಅರ್ಧಕ್ಕೆ ಬಂದ್ರು ಅಂದೆ."

"ತಾತಾ, ಅದೇ ಯಾವ ಅರ್ಧ ಅಂತ ಕೇಳ್ತಿರೋದು ನಾನು!" ಅಂದಳು ಮಗಳು.

ಇವರು ನಕ್ಕರು. ಅಪ್ಪನೂ ನಕ್ಕರು. ಮಾತು ಅಲ್ಲಿಗೇ ನಿಂತಿತು. ನನಗೆ ಮಾತ್ರ ಒಂದು ಯೋಚನೆ ಹತ್ತಿತು: ಇಷ್ಟು ವರ್ಷ ಇಬ್ಬರೂ ಒಂದೇ ಮೇಜಿಗೆ ಕೂತು ಉಂಡಿದ್ದಾರೆ. ಮಳೆ, ಚುನಾವಣೆ, ವ್ಯಾನಿನ ಬ್ರೇಕು, ಏನೆಲ್ಲ ಮಾತಾಡಿದ್ದಾರೆ. ಸೈನ್ಯದಲ್ಲಿ ನೀವೇನು ಕೆಲಸ ಮಾಡ್ತಿದ್ರಿ ಅಂತ ಅಪ್ಪ ಒಂದು ಸಲವೂ ಕೇಳಿಲ್ಲ. ಇವರೂ ಹೇಳಿಲ್ಲ. ನನ್ನ ಹತ್ತಿರವಾದರೂ "ಆಸ್ಪತ್ರೆ ಕಡೆ ಇದ್ದೆ" ಅಂತಷ್ಟೇ ಹೇಳಿ ಬೇರೆ ಮಾತಿಗೆ ಹೋಗಿಬಿಡುತ್ತಿದ್ದರು.

ಸಭೆಗೆ ಮುಂಚೆಯೇ ನನ್ನ ಹೊಲಿಗೆ ಯಂತ್ರದ ಸರದಿ ಬಂತು. ಹಳೆಯದು ನಾಲ್ಕು ಹೊಲಿಗೆಗೆ ಒಂದು ಸಲ ದಾರ ಕಡಿಯುತ್ತಿತ್ತು. ಶಾಲೆಯ ಸಮವಸ್ತ್ರ ಹೊಲಿಯುವ ಕಾಲದಲ್ಲಿ ಅದರ ಜೊತೆ ಜಗಳವಾಡಿ ಸಾಕಾಗಿತ್ತು. ಅಪ್ಪನ ಕಾರ್ಡಿನ ಮೇಲೆ ಹೊಸದಕ್ಕೆ ಹೇಳಿಟ್ಟಿದ್ದೆವು. ಮೇಜು ಸಮೇತ ಬರುವ ಯಂತ್ರ. ಉದ್ದನೆಯ ಮರದ ಪೆಟ್ಟಿಗೆ, ಎರಡು ತುದಿಗೂ ಹಿಡಿಯಲು ಹಗ್ಗದ ಬಳೆ. ಕ್ಯಾಂಟೀನಿನ ತಳ್ಳುಗಾಡಿ ಗೇಟಿನವರೆಗೆ ಮಾತ್ರ. ಅಲ್ಲಿಂದ ರಸ್ತೆ ದಾಟಿ ವ್ಯಾನಿಗೆ ಹೊರಬೇಕು. ಹೊರುವವರು ಊಟಕ್ಕೆ ಹೋಗಿದ್ದರು. ಕಾಯುವುದು ಅಪ್ಪನ ಜಾತಕದಲ್ಲೇ ಇಲ್ಲ.

"ಅಳಿಯಂದ್ರೇ, ಬನ್ನಿ, ಮುಂದೆ ನೀವು ಹಿಡೀರಿ, ಹಿಂದೆ ನಾನು."

"ಅಪ್ಪಾ, ನಿನ್ನ ಕಾಲು..." ಅಂದೆ.

"ಕಾಲು ನಂದು. ನಿಂಗ್ಯಾಕೆ?"

ಇಬ್ಬರೂ ಎತ್ತಿದರು. ಅಪ್ಪ ಗಟ್ಟಿಯಾಗಿ "ಎಡ, ಬಲ, ಎಡ, ಬಲ" ಶುರುಮಾಡಿದರು. ಗೇಟಿನವನು ಗಾಡಿಗಳನ್ನು ನಿಲ್ಲಿಸಿದ. ಇಬ್ಬರ ಹೆಜ್ಜೆಯೂ ಒಂದೇ ಸಮ ಬೀಳುತ್ತಿದ್ದುದು ನೋಡಲು ಚಂದ. ಆದರೆ ಪೆಟ್ಟಿಗೆ ತೊಟ್ಟಿಲ ಹಾಗೆ ತೂಗತೊಡಗಿತು. ಒಳಗೆ ಕಬ್ಬಿಣದ ಚಕ್ರ ಖಣಖಣ ಅಂದಾಗಲೆಲ್ಲ ನನ್ನ ಎದೆಯೂ ಖಣ್ ಅನ್ನುತ್ತಿತ್ತು.

"ಮಾವ, ಹೆಜ್ಜೆ ತಪ್ಪಿಸಿ," ಅಂದರು ಇವರು, ಹಿಂತಿರುಗದೆ.

"ಏನಂದ್ರಿ?"

"ಹೆಜ್ಜೆ ತಪ್ಪಿಸಿ. ನಾನು ಎಡಗಾಲು ಇಟ್ಟಾಗ ನೀವು ಬಲಗಾಲು ಇಡಿ. ಆಗ ತೂಗಲ್ಲ."

"ಈ ಜನ್ಮದಲ್ಲಿ ಹೆಜ್ಜೆ ತಪ್ಪಿಸಿದವನಲ್ಲ ನಾನು!"

"ಇವತ್ತೊಂದು ದಿನ ತಪ್ಪಿಸಿ. ಮಿಷನ್ ಉಳೀಲಿ."

ರಸ್ತೆಯ ನಡುವೆ ಪೆರೇಡ್ ತಾತ ಹೆಜ್ಜೆ ತಪ್ಪಿಸಲು ಹೆಣಗಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಬಲಗಾಲಿನಿಂದ ಶುರುಮಾಡುತ್ತಾರೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲುಗಳು ತಾವಾಗಿಯೇ ಕುಪ್ಪಳಿಸಿ ಇವರ ಕಾಲಿಗೆ ಹೊಂದಿಕೊಂಡುಬಿಡುತ್ತವೆ. "ಥೂ!" ಅನ್ನುತ್ತಾರೆ. ನಿಲ್ಲುತ್ತಾರೆ. ಮತ್ತೆ ಶುರು. ನಿಂತ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹಾಕಿದ್ದರು. ಮಗಳು "ತಾತಾ ತಪ್ಪು! ತಾತಾ ತಪ್ಪು!" ಅಂತ ಚಪ್ಪಾಳೆ ತಟ್ಟುತ್ತ ಜೊತೆಗೇ ಓಡುತ್ತಿದ್ದಳು. ಕೊನೆಗೆ ಹೇಗೋ ಕೂಡಿಬಂತು. ಪೆಟ್ಟಿಗೆ ನೀರಿನ ಮೇಲೆ ತೇಲುವ ಹಾಗೆ, ಒಂಚೂರೂ ಅಲುಗದೆ ವ್ಯಾನಿನವರೆಗೆ ಹೋಯಿತು.

ಪೆಟ್ಟಿಗೆ ಒಳಗಿಟ್ಟ ಮೇಲೆ ಅಪ್ಪ ವ್ಯಾನಿನ ಮೆಟ್ಟಿಲ ಮೇಲೆ ಕೂತು ಗಾಯದ ಕಾಲು ನೀವಿಕೊಂಡರು. "ಇದನ್ನ ಯಾರು ಕಲಿಸಿದ್ದು ನಿಮಗೆ?"

"ಅಲ್ಲೇ ಮಾವ. ಸ್ಟ್ರೆಚರ್ ಹೊರ್ತಿದ್ದೆ ನಾನು. ಹೆಜ್ಜೆ ಒಂದೇ ಆದ್ರೆ ತೂಗುತ್ತೆ. ಮೇಲೆ ಮಲಗಿರೋರಿಗೆ ನೋವಾಗುತ್ತೆ. ಅದಕ್ಕೇ ಮೊದಲ ದಿನವೇ ಪೆರೇಡ್ ಮರೆತುಬಿಡಿ ಅಂತಾರೆ."

"ಸ್ಟ್ರೆಚರಾ?" ಅಪ್ಪ ಇವರನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. "ನೀವು ಎಲ್ಲೋ ಔಷಧಿ ಗೋಡೌನಿನಲ್ಲಿ ಕೂತಿದ್ರಿ ಅಂದ್ಕೊಂಡಿದ್ದೆ."

"ನೀವು ಕೇಳ್ಲಿಲ್ಲ."

ಅಪ್ಪ ತಮ್ಮ ಕಾಲನ್ನೇ ನೋಡಿಕೊಂಡರು. ಆಮೇಲೆ ಇದ್ದಕ್ಕಿದ್ದ ಹಾಗೆ ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಗಾಬರಿಯಾಯಿತು.

"ಈ ಕಾಲಿಗೆ ಏಟು ಬಿದ್ದಾಗ ನನ್ನನ್ನ ಗುಡ್ಡದಿಂದ ಇಳಿಸಿದ್ರಲ್ಲ, ಇಬ್ರು ಹುಡುಗ್ರು. ಮೀಸೆ ಸರಿಯಾಗಿ ಬಂದಿರ್ಲಿಲ್ಲ. ನಾನು ಮಲಗ್ಕೊಂಡೇ ನೋಡ್ತೀನಿ, ಒಬ್ಬಂದು ಎಡ, ಒಬ್ಬಂದು ಬಲ! ದಾರಿಯುದ್ದಕ್ಕೂ ಬೈದೆ ಕಣಮ್ಮ. ಹೆಜ್ಜೆ ಹಾಕೋಕೂ ಬರದ ಕತ್ತೆಗಳಾ, ನಿಮಗೆ ಯಾವನು ಕಲಿಸಿದ್ದು ಅಂತ. ಕೆಳಗೆ ಬರೋತನಕ ಬೈದೆ. ಅವು ತುಟಿಪಿಟಕ್ ಅನ್ಲಿಲ್ಲ."

"ಬೈತಾ ಇದ್ರೆ ನಮಗೆ ಸಮಾಧಾನ ಮಾವ," ಅಂದರು ಇವರು. "ಸುಮ್ಮನಾದ್ರೇ ಭಯ."

ಅಪ್ಪನ ನಗು ನಿಂತಿತು. "ನೋವೇ ಆಗ್ಲಿಲ್ಲ ನೋಡಿ ಅವತ್ತು. ಹೇಗೆ ಅಂತ ಯೋಚನೇನೇ ಮಾಡಿರ್ಲಿಲ್ಲ." ಸ್ವಲ್ಪ ತಡೆದು, "ಆ ಹುಡುಗ್ರಿಗೆ ಪಿಂಚಣಿ ಬಂತೋ, ನಿಮ್ಮ ಹಾಗೇ ಕಳಿಸಿಬಿಟ್ರೋ," ಅಂದರು.

ಶನಿವಾರದ ಸಭೆ ಕ್ಯಾಂಟೀನಿನ ಹಿಂದಿನ ಗೋಡೌನಿನಲ್ಲಿ. ಮನೆಯವರೊಬ್ಬರು ಅನ್ನುವ ನಿಯಮದಲ್ಲೇ ನಾನೂ ಹೋಗಿ ಎಣ್ಣೆ ಡಬ್ಬಗಳ ಪಕ್ಕ ನಿಂತೆ. ಅಪ್ಪನ ಮನಸ್ಸಿನಲ್ಲಿ ಏನಿದೆ ಅಂತ ನನಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಎರಡು ಸಲ ಕೇಳಿದ್ದಕ್ಕೆ "ಹವಾ ಚೆನ್ನಾಗಿದೆ" ಅಂದಿದ್ದರು. ಒಬ್ಬರು ಎದ್ದು, ಈಗಲೇ ನಮ್ಮ ಸರದಿ ಬರುವಷ್ಟರಲ್ಲಿ ಒಳ್ಳೆಯದೆಲ್ಲ ಖಾಲಿ ಅಂದರು. ಇನ್ನೊಬ್ಬರು ಸೋಪು ಕೊಡೋಣ, ರಮ್ಮಿನ ಬಾಟಲಿ ಬೇಡ ಅಂದರು. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ಮ್ಯಾನೇಜರು "ಬಿಡಬಹುದು ಅನ್ನೋರು ಕೈ ಎತ್ತಿ" ಅಂದರು.

ಅಪ್ಪ ಕೈ ಎತ್ತಲಿಲ್ಲ. ಎದ್ದೇ ನಿಂತರು.

"ಒಂದು ವಿಷಯ. ಇಲ್ಲಿ ಯಾರ್ಯಾರನ್ನ ಸ್ಟ್ರೆಚರ್ ಮೇಲೆ ಹೊತ್ತಿದ್ದಾರೆ?"

ಕೆಲವರು ತಡವರಿಸುತ್ತ ಕೈ ತೋರಿಸಿದರು.

"ಹೊತ್ತವರ ಹೆಸರು ಗೊತ್ತಾ? ಅವರು ಎಷ್ಟು ವರ್ಷ ಇದ್ರು ಅಂತ ಕೇಳಿದ್ರಾ?"

ತೋರಿಸಿದ ಕೈಗಳು ಕೆಳಗಿಳಿದವು.

"ನಾನೂ ಕೇಳ್ಲಿಲ್ಲ. ಬೈದೆ. ಅಷ್ಟೇ," ಅಂದು ಅಪ್ಪ ಕೈ ಎತ್ತಿದರು. ಹಿಂದಿನ ಸಾಲುಗಳಲ್ಲಿ ಒಂದೊಂದಾಗಿ ಕೈಗಳು ಎದ್ದವು. ಎಲ್ಲವೂ ಅಲ್ಲ, ಆದರೆ ಸಾಕಷ್ಟು. ಅಪ್ಪ ಕೂರುವ ಮುಂಚೆ "ಬಾಟಲಿ ವಿಷಯದಲ್ಲಿ ಮಾತ್ರ ನಾನು ಬೇಡ ಅಂದವರ ಕಡೆ," ಅಂದರು. ಗೋಡೌನ್ ನಗೆಯಿಂದ ತುಂಬಿತು.

ಸದ್ಯಕ್ಕೆ ವಾರಕ್ಕೊಂದು ದಿನ, ಪಿಂಚಣಿಯವರದು ಮುಗಿದ ಮೇಲೆ, ಬಾಟಲಿ ಬಿಟ್ಟು ಉಳಿದದ್ದು ಅಂತ ತೀರ್ಮಾನವಾಯಿತು.

ಆ ದಿನ ಬಂದಾಗ ಇವರು ಪ್ಯಾಂಟಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ನಾನು ಗೆರೆ ನೋಡಿದೆ. ಅಂಗಡಿಗೆ ಹೋಗುವವರ ಗೆರೆಯಲ್ಲ. ಗೇಟಿನವನು ಸೈನ್ಯದಿಂದ ಬಿಡುಗಡೆಯಾದ ಕಾಗದ ನೋಡಿ "ಹೋಗಿ ಸಾರ್" ಅಂದ. ಇವರು ಒಬ್ಬರೇ ಒಳಗೆ ಹೋದರು. ವ್ಯಾನಿನಲ್ಲಿ ಈಗ ಕಾಯುವ ಸರದಿ ಅಪ್ಪನದು. ಗಾಜು ಒರೆಸಿದರು. ಎರಡು ಸಲ ಹಾರ್ನ್ ಹೊಡೆದರು. "ಏನು ಮಾಡ್ತಿದ್ದಾರೆ ಒಳಗೆ? ಸಂಸಾರ ಹೂಡಿದ್ರಾ?" ಅಂತ ಗೊಣಗಿದರು.

ಇವರು ಬಂದಾಗ ಕೈಯಲ್ಲಿದ್ದದ್ದು ಒಂದು ಚೀಲ.

"ಏನಿತ್ತಪ್ಪಾ ಒಳಗೆ?" ಮಗಳು ಚೀಲಕ್ಕೆ ತಲೆ ಹಾಕಿದಳು.

"ಸೋಪು. ಮೂಲೆ ಅಂಗಡೀಲಿ ಸಿಗೋದೇ."

"ಅಷ್ಟು ಹೊತ್ತು ಸೋಪಿಗಾ?"

"ಸಾಲು ದೊಡ್ಡದಿತ್ತು. ಮುಂದೆ ನಿಂತಿದ್ದ ಮುದುಕರು ನೀನೆಲ್ಲಿದ್ದೆ ಅಂತ ಕೇಳಿದ್ರು. ಹೇಳ್ತಾ ಹೇಳ್ತಾ ನನ್ನ ಸರದಿ ಹೋಗೇಬಿಡ್ತು. ಮತ್ತೆ ಹಿಂದಿನಿಂದ ನಿಂತೆ."

ವ್ಯಾನ್ ಹೊರಟಿತು. ಅಪ್ಪ ಮುಂದಿನ ಸೀಟಿನಲ್ಲಿ ಹೊರಗೆ ನೋಡುತ್ತ ಕೂತಿದ್ದರು.

"ಆ ಮುದುಕರಿಗೆ ಹೇಳಿದ್ದನ್ನ ನನಗೂ ಹೇಳಿ ಅಳಿಯಂದ್ರೇ. ನಿಧಾನಕ್ಕೆ ಓಡಿಸಿ. ಮೊದಲಿಂದ ಹೇಳಿ."

"ತಾತಾ," ಹಿಂದಿನಿಂದ ಮಗಳು ಅವರ ಹೆಗಲು ಜಗ್ಗಿದಳು, "ಅಪ್ಪ ಈಗ ಪೂರ್ತಿನಾ?"

ಅಪ್ಪ ಯೋಚಿಸಿದರು. "ಮುಕ್ಕಾಲು. ಬಾಟಲಿ ಕೊಟ್ಟ ದಿನ ಪೂರ್ತಿ."