ಈರುಳ್ಳಿ ಹಾಕಿ ಕಾಯಿಸಿದ ಎಂಜಿನ್ ಎಣ್ಣೆ

ಅಜ್ಜ ಸಾಯುವಾಗ ಮೊಮ್ಮಗನಿಗೆ ಮನೆ ಬಿಟ್ಟುಹೋದ, ಮೊಮ್ಮಗಳಿಗೆ ಕಾರು. ಕಾರು ನಿಲ್ಲುವುದು ಆ ಮನೆಯ ಅಂಗಳದಲ್ಲೇ ಆದ್ದರಿಂದ ಜಗಳವನ್ನು ಮಾತ್ರ ಇಬ್ಬರಿಗೂ ಸಮಪಾಲು ಹಂಚಿದಂತಾಯಿತು.

ಅದು ಅರವತ್ತೆರಡನೇ ಇಸವಿಯ ವೋಲ್ಗಾ, ಸೋವಿಯತ್ ಕಾಲದ್ದು. ಅಜ್ಜಿಯ ಪ್ರಕಾರ ಅದು ಕಾರೇ ಅಲ್ಲ, ಯಾವಳೋ ಮಾಟಗಾತಿಯನ್ನು ಬೆನ್ನ ಮೇಲೆ ಹತ್ತಿಸಿಕೊಳ್ಳಲೊಪ್ಪದೆ ಶಾಪ ತಿಂದು ಕಬ್ಬಿಣವಾದ ಕುದುರೆ. ಅಣ್ಣ ಇಲ್ಹೋಮನ ಪ್ರಕಾರ ಅದು ದ್ರಾಕ್ಷಿ ಚಪ್ಪರದ ನೆರಳನ್ನೆಲ್ಲ ನುಂಗಿ ಮಲಗಿದ ಹೆಣ. ಅವನ ಹೊಸ ಬಿಳಿ ಕಾರು ಕೊಕಂದ್ ಊರಿನ ಬಿಸಿಲಲ್ಲಿ ಬೀದಿಯಲ್ಲೇ ಬೇಯುತ್ತಿತ್ತು. ಕಾರು ಪಡೆದ ತಂಗಿ ಮುಹಾಯ್ಯೋಗೆ ಇಬ್ಬರ ಮಾತೂ ನಿಜವೆನ್ನಿಸುತ್ತಿತ್ತು. ಓಣಿಯ ಹೊಲಿಗೆ ಯಂತ್ರಗಳನ್ನೆಲ್ಲ ರಿಪೇರಿ ಮಾಡುವ ಹುಡುಗಿ ಅವಳು. ಸಂಜೆ ಆ ಕಾರಿನೊಳಗೆ ಹೋಗಿ ಸ್ಟಿಯರಿಂಗಿಗೆ ಗಲ್ಲ ಆನಿಸಿ ಕೂತಳೆಂದರೆ ಊಟಕ್ಕೆ ಮೂರು ಸಲ ಕೂಗಬೇಕಿತ್ತು.

ಅಂಥ ಕಾರನ್ನು ತಾಷ್ಕೆಂಟಿನ ಕಬಾಬ್ ಅಂಗಡಿಯವನೊಬ್ಬ ಬಂದು ನೋಡಿಹೋಗಿದ್ದ. ಮುಂದಿನ ಅರ್ಧವನ್ನು ಕೊಯ್ದು ಅಂಗಡಿಯ ಬಾಗಿಲಲ್ಲಿ ನಿಲ್ಲಿಸುವ ಆಸೆ ಅವನಿಗೆ.

"ಎಂಜಿನ್ ತೆಗೆದು ಆ ಜಾಗದಲ್ಲಿ ಕೆಂಡ ಹಾಕ್ತಾನಂತೆ," ಅಂದ ಇಲ್ಹೋಮ್. "ಮುಖ ಹಾಗೇ ಇರುತ್ತೆ. ದಿನಾ ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೋತಾರೆ. ನಮ್ಮ ವಂಶದಲ್ಲಿ ಯಾರಿಗೂ ಇಷ್ಟು ಮರ್ಯಾದೆ ಸಿಕ್ಕಿಲ್ಲ ಕಣೆ."

"ಹಾಗಾದ್ರೆ ಅಜ್ಜನ ಮುಖಾನೂ ಕೊಯ್ದು ಕೊಡಬೇಕಿತ್ತು."

ಮೂರು ದಿನ ಜಗಳವಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ದೊಡ್ಡಪ್ಪನ ಮಗಳು ದುರ್ದೋನಾಳ ಮದುವೆ ಹತ್ತಿರವಿತ್ತು. ಮದುಮಗಳನ್ನು ಗಂಡಿನ ಊರು ರಿಷ್ತೋನಿಗೆ ಕರೆದೊಯ್ಯಬೇಕು, ನಲವತ್ತು ಚಿಲ್ಲರೆ ಕಿಲೋಮೀಟರು. ವೋಲ್ಗಾ ಕೆಡದೆ ಮುಟ್ಟಿದರೆ ಕಾರೂ ಮುಹಾಯ್ಯೋದು, ನೆರಳೂ ಅವಳದು. ದಾರಿಯಲ್ಲಿ ಎಂಜಿನ್ ಕೈಕೊಟ್ಟರೆ ಮಾರನೇ ದಿನವೇ ಕಬಾಬು.

ಅದು ಚಿಲ್ಲಾ ಎಂಬ ನಲವತ್ತು ದಿನಗಳ ಕಡುಬೇಸಿಗೆಯ ನಟ್ಟನಡು. ಟಾರು ಚಪ್ಪಲಿಗೆ ಅಂಟಿಕೊಳ್ಳುವ ಕಾಲ. ಎಂಜಿನ್ನಿನ ಒಳಗೆ ಎಲ್ಲವೂ ಸವೆದು ಸಡಿಲವಾಗಿತ್ತು. ಎಣ್ಣೆ ಕಾದು ನೀರಾದರೆ ಸಂದುಗಳಿಂದ ಜಾರಿಹೋಗುತ್ತದೆ, ಒತ್ತಡ ತೋರಿಸುವ ಮುಳ್ಳು ಮಲಗುತ್ತದೆ, ಆಮೇಲೆ ಕಬ್ಬಿಣ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ಎಲ್ಲವೂ ಎಣ್ಣೆಯ ಮೇಲೆ ನಿಂತಿತ್ತು.

ಚಹಾದಂಗಡಿಯ ಗಂಡಸರಿಗೆ ಇಷ್ಟು ಗೊತ್ತಾಗಿದ್ದೇ ಸಾಕಾಯಿತು. ಒಬ್ಬ ವಿಮಾನದ ಎಣ್ಣೆ ಅಂದ. ಇನ್ನೊಬ್ಬ, ಕುರಿಯ ಬಾಲದ ಕೊಬ್ಬು ಬೆರೆಸು, ನಮ್ಮಪ್ಪ ಹಾಗೇ ಓಡಿಸ್ತಿದ್ದ ಅಂದ. ಅವನಪ್ಪ ಓಡಿಸುತ್ತಿದ್ದದ್ದು ಕತ್ತೆ ಗಾಡಿ ಎಂದು ಎಲ್ಲರಿಗೂ ಗೊತ್ತಿತ್ತು.

ಇಲ್ಹೋಮ್ ಮಾತ್ರ ನಿಜಕ್ಕೂ ಒಂದು ಡಬ್ಬಿ ತಂದ. ವಿದೇಶದ್ದು, ಜೇನಿನ ಬಣ್ಣ, ನೀರಿನಷ್ಟು ತೆಳು. "ಮೋಸ ಮಾಡಿ ಗೆಲ್ಲೋನಲ್ಲ ನಾನು. ಅಂಗಡೀಲಿ ಇದಕ್ಕಿಂತ ಒಳ್ಳೇದು ಇರಲಿಲ್ಲ. ಎಂಜಿನ್ ತೊಳೆದಿಟ್ಟ ಹಾಗೆ ಮಾಡುತ್ತಂತೆ."

"ಅದೇ ಬೇಡ ಅಂತಿರೋದು. ಒಳಗೆ ಅರವತ್ತು ವರ್ಷದ ಕೊಳೆ ಇದೆ ಅಣ್ಣಾ. ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಆ ಕೊಳೆನೇ ಬಿರಡೆ. ನಮ್ಮ ಓಣಿ ಯಜಮಾನ್ರು ಇಲ್ವಾ? ಅವರನ್ನ ನೆಟ್ಟಗೆ ನಿಲ್ಲಿಸಿರೋದೇ ಕೊಳೆ. ಸೋಪು ಹಚ್ಚಿ ಸ್ನಾನ ಮಾಡಿಸಿದ್ರೆ ಬಚ್ಚಲಲ್ಲೇ ಕುಸೀತಾರೆ."

ಅಜ್ಜ ಹಾಕುತ್ತಿದ್ದದ್ದು ಮಂದವಾದ, ತೊಳೆಯುವ ಗುಣವಿಲ್ಲದ ಬಡಪಾಯಿ ಎಣ್ಣೆ. ಈಗ ಅದನ್ನು ಯಾವ ಅಂಗಡಿಯೂ ಇಡುತ್ತಿರಲಿಲ್ಲ. ಹತ್ತಿ ಹೊಲಗಳಾಚೆಯ ಮುದಿ ಟ್ರ್ಯಾಕ್ಟರ್ ಚಾಲಕನೊಬ್ಬನ ಕೊಟ್ಟಿಗೆಯಲ್ಲಿ ಒಂದೇ ಒಂದು ಡಬ್ಬಿ ಸಿಕ್ಕಿತು. ಅದೂ ಅಜ್ಜ ಹಾಕುತ್ತಿದ್ದಷ್ಟು ಮಂದವಿರಲಿಲ್ಲ, ಆದರೆ ಬೇರೆ ಗತಿಯಿರಲಿಲ್ಲ. ಮದುವೆಯ ದಿನ ಬೆಳಿಗ್ಗೆ ಕಾರನ್ನು ದೊಡ್ಡಪ್ಪನ ಅಂಗಳಕ್ಕೆ ತಂದು ಹಳೆಯ ಎಣ್ಣೆಯನ್ನು ಬಸಿಯಲು ಬಿಟ್ಟು, ಡಬ್ಬಿಯನ್ನು ಒಲೆಯ ಪಕ್ಕ ಇಟ್ಟು ಮುಹಾಯ್ಯೋ ಬಟ್ಟೆ ಬದಲಾಯಿಸಲು ಹೋದಳು.

ದೊಡ್ಡಪ್ಪ ಮಮಾಸೋಲಿ ಇಡೀ ಕೊಕಂದಿಗೆ ಹೆಸರಾದ ಪಲಾವಿನ ಭಟ್ಟ. ಹತ್ತಿಬೀಜದ ಎಣ್ಣೆಯನ್ನು ಹೊಗೆಯೇಳುವ ತನಕ ಕಾಯಿಸಿ, ಒಂದು ಈರುಳ್ಳಿ ಕರಿದು ತೆಗೆದು ಎಣ್ಣೆಯ ಹಸಿ ಕಹಿ ಬಿಡಿಸದೆ ಅವನು ಒಂದು ಕಾಳು ಅಕ್ಕಿಯನ್ನೂ ಮುಟ್ಟಿದವನಲ್ಲ.

ಮುಹಾಯ್ಯೋ ವಾಪಸು ಬಂದಾಗ ಅಂಗಳದ ತುಂಬ ನೀಲಿ ಹೊಗೆ. ದೊಡ್ಡಪ್ಪ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಜಾಲರಿ ಸೌಟಿನಲ್ಲಿ ಕಪ್ಪಾದ ಈರುಳ್ಳಿಯೊಂದನ್ನು ಎತ್ತಿ ಹಿಡಿದಿದ್ದ.

"ದೊಡ್ಡಪ್ಪಾ, ಅದು ಎಂಜಿನ್ ಎಣ್ಣೆ."

"ಗೊತ್ತಮ್ಮ. ಹಳೇ ಕಡಾಯಿಲೇ ಕಾಯಿಸಿದೀನಿ, ಹೆದರಬೇಡ. ಮೂಸಿ ನೋಡ್ದೆ, ಪೂರ್ತಿ ಹಸಿ. ಅಷ್ಟು ವಯಸ್ಸಾಗಿರೋದಕ್ಕೆ ಹಸಿ ಎಣ್ಣೆ ಹುಯ್ದರೆ ಅರಗುತ್ತಾ? ನನ್ನ ಮಗಳು ಕೂರೋ ಗಾಡಿ."

ಅವಳಿಗೆ ಅಳು ಬಂತು. ಇಲ್ಹೋಮ್ ತನ್ನ ವಿದೇಶಿ ಎಣ್ಣೆಯ ಡಬ್ಬಿಯನ್ನು ತಂದು ಅವಳ ಕಾಲ ಬಳಿ ಇಟ್ಟ. ನಗಲೂ ಇಲ್ಲ, ಅದೇ ಅವಳಿಗೆ ಹೆಚ್ಚು ಉರಿಯಿತು. ಮೆರವಣಿಗೆಗೆ ಎರಡು ಗಂಟೆಯಷ್ಟೇ ಉಳಿದಿತ್ತು.

ಮುಹಾಯ್ಯೋ ಕಡಾಯಿಯ ಎಣ್ಣೆ ಆರುವುದನ್ನೇ ಕಾದಳು. ಒಂದು ಚಮಚ ಎತ್ತಿ ಬಗ್ಗಿಸಿದಳು. ಅದು ಬೀಳಲು ಮನಸ್ಸಿಲ್ಲದಂತೆ ಉದ್ದಕ್ಕೆ ಇಳಿಯಿತು, ತೂಕಡಿಸುವವರ ತಲೆಯ ಹಾಗೆ. ಬೆರಳ ನಡುವೆ ತಿಕ್ಕಿದಳು. ಎಣ್ಣೆಯಲ್ಲಿ ತೆಳುವಾಗಿದ್ದದ್ದೆಲ್ಲ ಹೊಗೆಯಾಗಿ ಹಾರಿಹೋಗಿತ್ತು, ಉಳಿದದ್ದು ಬೆಳಿಗ್ಗೆಗಿಂತ ಮಂದವಾಗಿತ್ತು. ಒಂದು ವರ್ಷ ಓಡಿಸಲು ಇದು ಯೋಗ್ಯವಲ್ಲ. ಆದರೆ ಅವಳಿಗೆ ಬೇಕಿದ್ದದ್ದು ಒಂದು ಮಧ್ಯಾಹ್ನ.

"ಸೋಸೋಕೆ ಬಟ್ಟೆ ಕೊಡು ದೊಡ್ಡಪ್ಪಾ."

"ತಲೆ ಕೆಟ್ಟಿದೆಯೇನೆ ನಿಂಗೆ?" ಅಂದ ಇಲ್ಹೋಮ್.

"ಕಬಾಬ್‌ನವನಿಗೆ ಫೋನ್ ಮಾಡಿ ಹೇಳು. ಈರುಳ್ಳಿ ಆಗಲೇ ಹಾಕಿ ಆಗಿದೆ ಅಂತ."

ಮೆರವಣಿಗೆ ಹೊರಟಿತು. ಹಿಂದಿನ ಸೀಟಿನಲ್ಲಿ ಮುಸುಕಿನೊಳಗೆ ದುರ್ದೋನಾ, ಅವಳ ಪಕ್ಕ ಇಲ್ಹೋಮನ ಹೆಂಡತಿ, ಮಡಿಲಲ್ಲಿ ದಾರಿಯವರಿಗೆ ಕೊಡುವ ಕರವಸ್ತ್ರದ ಗಂಟು. ಮುಳ್ಳು ನೆಟ್ಟಗೆ ನಿಂತಿತ್ತು. ಇಪ್ಪತ್ತು ಕಿಲೋಮೀಟರಾಯಿತು, ಮೂವತ್ತಾಯಿತು. ಬಿಸಿಯಾದ ಎಂಜಿನ್ನಿನಿಂದ ಕರಿದ ಈರುಳ್ಳಿಯ ವಾಸನೆ ಎದ್ದು, ಹಿಂದಿನ ಆರೂ ಕಾರುಗಳಲ್ಲಿ ಜನ ಊಟದ ಮಾತು ಶುರು ಮಾಡಿದರು. ಮುಹಾಯ್ಯೋಗೆ ತಾನು ನೆಲ ಬಿಟ್ಟು ಒಂದಡಿ ಮೇಲೆ ತೇಲುತ್ತಿದ್ದೇನೆ ಅನ್ನಿಸಿತು.

ರಿಷ್ತೋನಿನ ಬಾಯಲ್ಲೇ ದಾರಿಗಡ್ಡ ಹಗ್ಗ ಹಿಡಿದು ನಿಂತಿದ್ದರು. ಮದುಮಗಳ ಕಾರು ಬಂದರೆ ದಾರಿಗೆ ಹಗ್ಗ ಹಿಡಿದು ಉಡುಗೊರೆ ಕೇಳುವುದು ಗಂಡಿನ ಕಡೆಯ ಯುವಕರ ಹಕ್ಕು. ಓಡುವ ಎಂಜಿನ್ನಿಗೆ ಒತ್ತಡವಿರುತ್ತದೆ. ನಿಂತಲ್ಲೇ ಗುರುಗುಟ್ಟುವುದಕ್ಕೆ ಇರುವುದಿಲ್ಲ. ಆರಿಸಿದರೆ ಇಂಥ ಬಿಸಿಯಲ್ಲಿ ಮತ್ತೆ ಹೊತ್ತುವುದೂ ಇಲ್ಲ. ಮುಳ್ಳು ಇಳಿಯತೊಡಗಿತು.

"ಅತ್ತಿಗೆ, ಬೇಗ ಕೊಟ್ಟು ಕಳಿಸಿ."

"ತಾಳು, ಮೊದಲು ಅವರು ಸ್ವಲ್ಪ ಹೊಗಳಲಿ. ಸುಮ್ನೆ ಕೊಟ್ರೆ ಬೆಲೆ ಇರಲ್ಲ," ಅಂದಳು ಅತ್ತಿಗೆ, ಗಂಟಿನ ಮೇಲೆ ಕೈಯಿಟ್ಟು ಕೂತು.

ಹಗ್ಗ ಹಿಡಿದವನು ಕಿಟಕಿಗೆ ಬಗ್ಗಿ ಮೂಸಿದ. "ಒಳಗೆ ಅಡುಗೆ ಮಾಡ್ತಿದ್ದೀರಾ? ಕರವಸ್ತ್ರ ಬೇಡ, ಎರಡು ತಟ್ಟೆ ಬಡಿಸಿ."

ಮುಳ್ಳು ಇನ್ನೂ ಇಳಿಯಿತು. ಎಚ್ಚರಿಕೆಯ ಕೆಂಪು ದೀಪ ಒಮ್ಮೆ ಮಿಟುಕಿತು. ಮುಹಾಯ್ಯೋ ಆಕ್ಸಿಲರೇಟರ್ ಒತ್ತಿದಳು. ಮುಳ್ಳು ಎದ್ದಿತು, ಆದರೆ ರೇಡಿಯೇಟರಿನಲ್ಲಿ ನೀರು ಕುದಿಯುವ ಸದ್ದು. ಕಾಲು ತೆಗೆದಳು, ದೀಪ ಮತ್ತೆ ಮಿಟುಕಿತು. "ಇವರು ಇನ್ನೊಂದು ನಿಮಿಷ ನಿಲ್ಲಿಸಿದ್ರೆ ನನ್ನ ಕಾರು ಹೋಯ್ತು," ಅಂದಳು, ಯಾರಿಗೂ ಅಲ್ಲದೆ.

ಮದುಮಗಳಾದವಳು ಅತ್ತೆಮನೆ ಮುಟ್ಟುವ ತನಕ ಉಸಿರೂ ಕೇಳದಂತೆ ಕೂರಬೇಕು. ದುರ್ದೋನಾ ಮುಸುಕು ಸರಿಸಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

"ಏನ್ರೋ, ಹಗ್ಗ ಬಿಡ್ತೀರೋ, ಇಳಿದು ಬಂದು ನಿಮ್ಮ ಕುತ್ತಿಗೆಗೇ ಸುತ್ತಲೋ? ನಾಳೆಯಿಂದ ಇದೇ ಓಣೀಲಿ ಇರ್ತೀನಿ. ಒಬ್ಬೊಬ್ಬನ ಮುಖಾನೂ ನೋಡಿಟ್ಟುಕೊಂಡಿದೀನಿ."

ಹಗ್ಗ ತಾನಾಗಿಯೇ ನೆಲಕ್ಕೆ ಬಿತ್ತು. "ಪಾಪ ಕಣೋ ನಮ್ಮ ಹುಡುಗ," ಅಂದ ಒಬ್ಬ ಮೆಲ್ಲಗೆ. ವೋಲ್ಗಾ ಹಗ್ಗದ ಮೇಲೆ ಹಾದು ಮುಂದಕ್ಕೆ ಹೋಯಿತು. ಅತ್ತಿಗೆ ಮದುಮಗಳ ಮುಸುಕನ್ನು ಕೆಳಗೆಳೆದಳು, ಹೊಡೆಯುವುದೊಂದೇ ಬಾಕಿ.

ಗಂಡಿನ ಮನೆಯ ಬಾಗಿಲಲ್ಲಿ ಕಾರು ನಿಂತಾಗ ಕೆಂಪು ದೀಪ ಮಿಟುಕುವುದನ್ನು ಬಿಟ್ಟು ಹೊತ್ತಿಕೊಂಡೇ ಇತ್ತು. ಮುಹಾಯ್ಯೋ ತಕ್ಷಣ ಕೀಲಿ ತಿರುಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಹಿಂದಿನ ಬಿಳಿ ಕಾರಿನಿಂದ ಇಳಿದ ಇಲ್ಹೋಮ್ ಕಿಟಕಿಯಲ್ಲಿ ತಲೆಯಿಟ್ಟು ದೀಪದ ಜಾಗವನ್ನು ನೋಡಿದ, ತಂಗಿಯ ಬೆವರಿದ ಮುಖವನ್ನು ನೋಡಿದ.

"ಮುಟ್ಟಿತು ಬಿಡು," ಅಂದ. "ವಾಪಸ್ ಹೇಗೆ ತರ್ತೀಯ?"

"ವಾಪಸಿನ ಮಾತು ಒಪ್ಪಂದದಲ್ಲಿರಲಿಲ್ಲ."

ಇಲ್ಹೋಮ್ ತನ್ನ ಕಾರಿನ ಡಿಕ್ಕಿ ತೆಗೆದು, ಕಟ್ಟಿ ಎಳೆಯಲು ಹಗ್ಗವಿದೆಯೇ ಎಂದು ತಡಕಾಡತೊಡಗಿದ.