ಕಂಪ್ಯೂಟರ್ ರೂಮಿನ ಚಿಲಕ

ಠಕ್, ಕೆಳಗಿನ ಮಟನ್ ಅಂಗಡಿಯಲ್ಲಿ ಕತ್ತಿ ದಿಮ್ಮಿಗೆ ಬಿತ್ತು, ಮೂಳೆ ಒಂದೇ ಏಟಿಗೆ ತುಂಡಾಗಲಿಲ್ಲ, ಮತ್ತೆ ಠಕ್, ಈಗ ಆಯಿತು, ಆರ್.ಟಿ. ನಗರದ ಈ ಮಹಡಿ ಮನೆಗೆ ಬಂದು ನಾಲ್ಕು ವರ್ಷವಾದರೂ ಬೆಳಗಿನ ಈ ಸದ್ದಿಗೆ ನನ್ನ ಹೆಗಲು ಕುಗ್ಗುವುದು ತಪ್ಪಿಲ್ಲ, ಜಿಯಾವುಲ್ಲಾ ಅದನ್ನು ನೋಡಿಯೂ ನೋಡದವರಂತೆ ಊಟದ ಮೇಜಿನ ಆ ಬದಿಯಲ್ಲಿ ಕನ್ನಡಕ ಏರಿಸಿ ಕೂತಿದ್ದಾರೆ, ಇವತ್ತು ಅವರು ನನ್ನ ಗಂಡನಲ್ಲ, ಇಂಟರ್‌ವ್ಯೂ ಬೋರ್ಡಿನ ಅಧ್ಯಕ್ಷ, ಹೇಳಿ ಮಿಸೆಸ್ ತಾಹೆರಾ, ಸಾಫ್ಟ್‌ವೇರ್ ಮ್ಯಾನೇಜರ್ ಆದ್ರೆ ಮೊದಲನೇ ದಿನ ಏನ್ ಮಾಡ್ತೀರಿ, ಪ್ರತಿಯೊಬ್ಬ ಪ್ರೋಗ್ರಾಮರ್ ಜೊತೆ ಪ್ರತ್ಯೇಕವಾಗಿ ಮಾತಾಡ್ತೀನಿ ಸಾರ್, ಯಾರ ಕೈಯಲ್ಲಿ ಯಾವ ಕೆಲಸ ಇದೆ ಅಂತ ಬರ್ಕೋತೀನಿ, ಭೇಷ್, ಒಬ್ಬ ಕೆಲಸ ತಡ ಮಾಡ್ದ ಅಂದ್ರೆ — ತಲೆಗೂದಲು ಹಿಡಿದು ಪ್ರಿಂಟರಿಗೆ ಜಜ್ಜುತ್ತೇನೆ ಎಂದುಬಿಡಲೇ, ಕಾಗದ ಎಳೆದುಕೊಳ್ಳುವ ಆ ಹಲ್ಲುಚಕ್ರಗಳ ನಡುವೆ ಅವನ ಟೈ ಸಿಕ್ಕಿಸಿ ಗುಂಡಿ ಒತ್ತುತ್ತೇನೆ ಎಂದರೆ ಇವರ ಮುಖ ಹೇಗಾದೀತು — ಯಾಕೆ ತಡವಾಯ್ತು ಅಂತ ಮೊದಲು ಕೇಳ್ತೀನಿ ಸಾರ್. ತಲೆಯಾಡಿಸುತ್ತಾರೆ, ಪಾಪ, ಹದಿನೈದು ದಿನದಿಂದ ಅಂಚೆ ಕಚೇರಿಯಿಂದ ಬಂದು ಚಹಾ ಕುಡಿಯುವ ಮೊದಲೇ ಪ್ರಶ್ನೆ ಹಿಡಿದು ಕೂರುವವರು, ಪೇಪರಿನ ಜಾಹೀರಾತು ಕತ್ತರಿಸಿ ತಂದವರೂ ಇವರೇ, ಹತ್ತು ವರ್ಷದ ಅನುಭವ ಇರಬೇಕು ಅಂತ ಕೇಳಿದ್ದಾರೆ, ನಿಂಗೆ ಹನ್ನೊಂದಿದೆ, ಹೆಂಗಸಿಗೆ ಕೊಡ್ತಾರಾ ಅಂದರೆ ಯಾಕೆ ಕೊಡಲ್ಲ, ಆ ಪತ್ರ ಇದೆಯಲ್ಲ. ಆ ಪತ್ರ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆಯೊಳಗೆ ಮಲಗಿದೆ, ಹಳೆಯ ಫ್ಯಾಕ್ಟರಿಯ ತಲೆಬರಹ, ಕೆಳಗೆ ನನ್ನ ಮೇಲಧಿಕಾರಿ ಶಿವಪ್ಪನವರ ಸಹಿ, ಸಾವಿರದೊಂಬೈನೂರ ಎಂಬತ್ತೊಂದರ ಗಲಭೆಯಲ್ಲಿ ಪ್ರಾಣದ ಹಂಗು ತೊರೆದು ಕಂಪನಿಯ ಕಂಪ್ಯೂಟರ್ ಟೇಪುಗಳನ್ನು ಕಾಪಾಡಿದ ಧೀರ ಮಹಿಳೆ. ಕೊನೇ ಪ್ರಶ್ನೆ, ಜಿಯಾವುಲ್ಲಾ ಗಂಟಲು ಸರಿಮಾಡಿಕೊಳ್ಳುತ್ತಾರೆ, ಕಷ್ಟದ ಸಮಯದಲ್ಲಿ ನಿಮ್ಮ ಕೈಕೆಳಗಿನವರನ್ನ ಹೇಗೆ ನೋಡ್ಕೊಂಡ್ರಿ.

ಬಾಯಿಪಾಠ ಬರುತ್ತದೆ, ಸಾರ್, ಆ ದಿನ ಉದ್ರಿಕ್ತ ಗುಂಪು ಕಂಪ್ಯೂಟರ್ ವಿಭಾಗಕ್ಕೆ ನುಗ್ಗಿತು, ನನ್ನ ತಂಡದ ಸದಸ್ಯೆಯೊಬ್ಬರ ಸಲಹೆಯಂತೆ ನಾನು ಬಾಗಿಲು ಭದ್ರಪಡಿಸಿ — ಸಲಹೆಯಂತೆ, ಎಂಥ ಮೃದುವಾದ ಪದ, ಅಂಜನಮ್ಮ ಬಾಯಿ ತೆರೆಯಲು ಪುರುಸೊತ್ತೇ ಸಿಗಲಿಲ್ಲ. ಯಶವಂತಪುರದ ಆ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಓದುವ ಕಾರ್ಡುಗಳಿಗೆ ತೂತು ಹೊಡೆಯುವ ಯಂತ್ರದ ಮುಂದೆ ಅವಳಷ್ಟು ವೇಗವಾಗಿ ಬೆರಳಾಡಿಸುವವರು ಇನ್ನೊಬ್ಬರಿರಲಿಲ್ಲ, ತಣಿಸಂದ್ರದಿಂದ ಬುತ್ತಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಬರುವವಳು, ಗಂಡ ಆವಲಪ್ಪ ಅದೇ ಫ್ಯಾಕ್ಟರಿಯ ಲೇತ್ ಮೇಲೆ, ಸಂಜೆ ಇಬ್ಬರೂ ಒಟ್ಟಿಗೆ ಗೇಟು ದಾಟುವರು. ರಜೆಗಳನ್ನೆಲ್ಲ ತೂಗಿ ಕೆಲಸದಿಂದ ತೆಗೆಯಬೇಕಾದವರನ್ನು ಆರಿಸಿ ಕೊಡುವ ಪ್ರೋಗ್ರಾಂ ಬರಿ ಅಂದರು ಶಿವಪ್ಪನವರು, ಬರೆದೆ, ಎಷ್ಟು ಚೆಂದ ಬರೆದಿದ್ದೆ, ಒಂದೇ ಒಂದು ತಪ್ಪಿಲ್ಲದೆ ಮೊದಲ ಸಲಕ್ಕೇ ಓಡಿತು, ಅದಕ್ಕೆ ಬೇಕಾದ ಕಾರ್ಡುಗಳನ್ನೆಲ್ಲ ಒತ್ತಿದವಳು ಅಂಜನಮ್ಮ, ಇದು ಯಾತಕ್ಕೆ ಮೇಡಂ, ಇದ್ರಾಗೆ ನಮ್ಮೆಜಮಾನ್ರ ಎಸ್ರೂ ಐತೆ, ಅಟೆಂಡೆನ್ಸ್ ರಿಪೋರ್ಟ್ ಅಷ್ಟೇ ಅಂಜನಮ್ಮ, ಬೇಗ ಮುಗಿಸಿ. ನನಗೆ ಗೊತ್ತಿತ್ತು. ಪ್ರಿಂಟರು ಕಿರ್ರೆಂದು ಉಗುಳಿದ ಹಾಳೆಯಲ್ಲಿ ಇನ್ನೂರ ಹದಿನಾಲ್ಕು ಹೆಸರು, ಆವಲಪ್ಪನದು ಮೂರನೆಯ ಪುಟದಲ್ಲಿ, ಅದನ್ನು ನಾನೇ ಹರಿದು ಮಡಚಿ ಕವರಿಗೆ ಹಾಕಿ ಕೊಟ್ಟೆ. ನಾಲ್ಕನೆಯ ದಿನ ಹಾಳೆ ಗೇಟಿಗೆ ಅಂಟಿತು, ಮಧ್ಯಾಹ್ನದ ಸೈರನ್ ಆಗುತ್ತಿದ್ದಂತೆ ಮೊದಲ ಗಾಜು ಒಡೆಯಿತು, ಆಮೇಲೆ ಕಾಲುಗಳ ಸದ್ದು, ನೂರಾರು ಬೂಟು ಮೆಟ್ಟಿಲು ಹತ್ತುತ್ತಿವೆ, ಕಬ್ಬಿಣ ಗೋಡೆಗೆ ಉಜ್ಜುತ್ತಿದೆ, ಎಲ್ಲೈತ್ಲಾ ಆ ಮಿಷನ್ನು, ಅದ್ರ ಕರುಳು ಕಿತ್ತಾಕ್ರಲಾ, ಅಂಜನಮ್ಮ, ಕಾರಿಡಾರಿನ ಗ್ರಿಲ್ ಎಳೀರಿ ಹೋಗಿ ಅಂದೆ, ನಾನು ಹೋಗಲಿಲ್ಲ, ಅವಳನ್ನು ಕಳಿಸಿದೆ, ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು, ಗ್ರಿಲ್ ಮುರಿದು ಬೀಳುವ ಸದ್ದು ಕೇಳಿತು, ಕಾವಲಿನವನು ಅಯ್ಯೋ ಎಂದು ಒಂದೇ ಸಲ ಕೂಗಿ ಸುಮ್ಮನಾದ, ಅವಳ ಚಪ್ಪಲಿ ಪಟಪಟನೆ ಇತ್ತ ತಿರುಗಿದ್ದೂ ಕೇಳಿತು — ನನ್ನ ಕೈ ಮೇಲೆದ್ದು ಚಿಲಕ ಹಾಕಿತು. ಕೈ ಹಾಕಿತು ಎನ್ನುತ್ತೇನೆ, ಇನ್ಯಾರದೋ ಕೈ ಎಂಬಂತೆ. ದಪ್ಪ ಬಾಗಿಲು, ಮುಖದ ಎತ್ತರಕ್ಕೆ ತಟ್ಟೆಯಗಲದ ಒಂದು ಗಾಜು, ಅದರ ಮೇಲೆ ಹೊರಗಿನಿಂದ ಅಂಗೈ ಬಂದು ಅಂಟಿತು, ಐದೂ ಬೆರಳು ಚಪ್ಪಟೆಯಾಗಿ ಬಿಳಿಚಿಕೊಂಡವು, ಮೇಡಂ, ಮೇಡಂ ತೆಗೀರಿ ಮೇಡಂ, ನಾನು ಟೇಪುಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಆವಲಪ್ಪ ಗುಂಪಿನಿಂದ ಮುಂದೆ ಬಂದ, ಹಣೆ ಒಡೆದು ರಕ್ತ ಹುಬ್ಬಿಗಿಳಿದಿತ್ತು, ಹೆಂಡತಿಯನ್ನು ನೋಡಿ ಒಂದು ಕ್ಷಣ ನಿಂತ, ನನ್ನೆಸ್ರು ಒತ್ತಿದ್ದು ನೀನೇನೇ ಅಂದ, ಅವಳು ಇಲ್ಲ ಅನ್ನಲಿಲ್ಲ, ಸುಳ್ಳು ಬರುತ್ತಿರಲಿಲ್ಲ ಅವಳಿಗೆ, ಈ ಕೈನಾಗೇ ಒತ್ತಿದ್ಯಾ, ರಾಡು ಮೇಲೆದ್ದಿತು.

ಮೂರು ಬೆರಳು ಹೋದವು. ಇಷ್ಟು ಹೇಳಿದರೆ ಸಾಕು, ಗಾಜು ಒಡೆದು ನನ್ನ ಕೆನ್ನೆಗೆ ಚಿಮ್ಮಿದ್ದು ಬೇಡ, ನೆಲದ ಮೇಲೆ ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದು ಅದು ತನ್ನದೇ ಎಂದು ನಂಬದೆ ನೋಡುತ್ತಿದ್ದದ್ದು ಬೇಡ, ಪೊಲೀಸರು ಬಂದು ಮೆಟ್ಟಿಲ ಮೇಲಿಂದ ಗಂಡಸರನ್ನು ಕಾಲು ಹಿಡಿದು ಎಳೆಯುವಾಗ ತಲೆಗಳು ಮೆಟ್ಟಿಲಿಗೆ ಒಂದೊಂದಾಗಿ ಬಡಿದದ್ದೂ ಬೇಡ. ಮೂರನೆಯ ದಿನ ಆಸ್ಪತ್ರೆಗೆ ಹೋದೆ, ಅಂಜನಮ್ಮನ ಕೈ ಬಟ್ಟೆಯ ಮುದ್ದೆಯಾಗಿತ್ತು, ನಾನು ಅತ್ತೆ, ಅವಳು ಅಳಲಿಲ್ಲ, ನೀವ್ ಚಿಲ್ಕ ಹಾಕಿದ್ದು ನಾನ್ ಕಂಡೆ ಮೇಡಂ, ಹಾಕ್ಕಳ್ಳಿ ಅಂತ ನಾನೇ ಅಂದೆ ಅಂತ ಯೋಳ್ತೀನಿ ಬಿಡಿ, ನಿಮ್ಗೇನೂ ಆಗಾಕಿಲ್ಲ, ನಮ್ಮೆಜಮಾನ್ರ ಎಸ್ರು ಮಾತ್ರ ಬಾಯಿ ಬಿಡ್ಬ್ಯಾಡಿ, ಟೇಸನ್ನಾಗೆ ಅವ್ರು ಮೂರ್ ದಿನದಿಂದ ಅನ್ನ ಮುಟ್ಟಿಲ್ವಂತೆ. ಆಗಲಿ ಅಂಜನಮ್ಮ, ಖುದಾನ ಆಣೆ ಅಂದೆ, ನಿಜವಾಗಿಯೂ ಅಂದೆ. ಮರುದಿನ ಶಿವಪ್ಪನವರು ಜೀಪಿನಲ್ಲಿ ಸ್ಟೇಷನ್ನಿಗೆ ಕರೆದೊಯ್ದರು, ಗೋಡೆಗೆ ಒರಗಿ ಹನ್ನೆರಡು ಮಂದಿ ಬರೀ ಚಡ್ಡಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ, ಶಿವಪ್ಪನವರು ನನ್ನ ಕಿವಿಯ ಹತ್ತಿರ, ಒಬ್ಬನ್ನಾದ್ರೂ ತೋರ್ಸಮ್ಮ ತಾಹೆರಾ, ಇಲ್ದಿದ್ರೆ ಆ ಹೆಂಗಸು ಯಾಕೆ ಹೊರಗಿದ್ಳು, ನೀನು ಯಾಕೆ ಒಳಗಿದ್ದೆ ಅನ್ನೋ ಕಡೆ ತಿರುಗುತ್ತೆ ಕೇಸು. ನನ್ನ ಬೆರಳು ಎದ್ದಿತು, ಪೂರ್ತಿ ಬೆರಳು, ಉಗುರಿಗೆ ಮೆಹಂದಿಯ ಬಣ್ಣ ಇನ್ನೂ ಇತ್ತು, ಇವನೇ. ನಾನು ಜೀಪು ಹತ್ತುವ ಮೊದಲೇ ಒಳಗೆ ಶುರುವಾಯಿತು, ಅಂಗಾಲಿಗೆ ಲಾಠಿ ಬೀಳುವ ಸದ್ದು ಒದ್ದೆ ಬಟ್ಟೆ ಕಲ್ಲಿಗೆ ಬಡಿದಂತೆ, ಆವಲಪ್ಪ ಮೊದಲು ಬೈದ, ಆಮೇಲೆ ಅಮ್ಮಾ ಎಂದ, ಆಮೇಲೆ ಏನೂ ಅನ್ನಲಿಲ್ಲ. ವರ್ಷದ ಮೇಲೆ ಜೈಲಿನಿಂದ ಹೊರಗೆ ಬಂದಾಗ ಅವನ ಸೊಂಟ ನೆಟ್ಟಗಾಗುತ್ತಿರಲಿಲ್ಲವಂತೆ. ನಾನು ಸ್ಟೇಷನ್ನಿಗೆ ಹೋಗಿ ಬಂದ ವಾರಕ್ಕೆ ಫ್ಯಾಕ್ಟರಿಯ ವಿಚಾರಣೆಯಲ್ಲಿ ಅಂಜನಮ್ಮನನ್ನು ಕೇಳಿದರು, ಅಷ್ಟರಲ್ಲಿ ಅವಳಿಗೆ ಎಲ್ಲಾ ಗೊತ್ತಾಗಿತ್ತು, ನನ್ನತ್ತ ನೋಡಲಿಲ್ಲ, ಬಾಗ್ಲು ಹಾಕ್ಕಳ್ಳಿ ಅಂತ ಮೇಡಮ್ಮಾರಿಗೆ ನಾನೇ ಯೋಳಿದ್ದು ಸಾಮಿ ಅಂದಳು, ಎಡಗೈ ಹೆಬ್ಬೆಟ್ಟು ಒತ್ತಿದಳು. ಓದು ಬರಹ ಬಲ್ಲವಳು, ಹೆಬ್ಬೆಟ್ಟು.

ಗಂಗಾನಗರದ ಸ್ಟಾಪಿನಲ್ಲಿ ಬಸ್ಸು ಬಂತು, ಜಿಯಾವುಲ್ಲಾ ಕಿಟಕಿಯ ಹೊರಗಿನಿಂದ ಫೈಲು ಭದ್ರ, ಹೆದರ್ಬೇಡ ಅನ್ನುತ್ತಿದ್ದಾರೆ, ಅವರಿಗೂ ಪತ್ರದಲ್ಲಿರುವಷ್ಟೇ ಗೊತ್ತು, ಆರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಪತ್ರದಲ್ಲಿರುವಷ್ಟೇ. ಹೆಬ್ಬಾಳದ ಕೆರೆ ಕಂಡು ಮರೆಯಾಯಿತು, ಬಳ್ಳಾರಿ ರಸ್ತೆಗೆ ಬೆನ್ನು ಹಾಕಿದ ಒಂದು ಹಳೇ ಬಂಗಲೆ, ಹೊಸ ಕಂಪನಿಯ ಬೋರ್ಡಿನ ಬಣ್ಣ ಇನ್ನೂ ಹಸಿ, ಒಳಗೆ ಕಾಯುತ್ತಿರುವ ಏಳು ಗಂಡಸರಲ್ಲಿ ಒಬ್ಬ ನನ್ನ ಬುರ್ಖಾ ನೋಡಿ ಟೈಪಿಸ್ಟು ಕೆಲಸಕ್ಕಾ ಅಂತ ಕೇಳಿದ, ಕೇಳಿದವನ ಕೊರಳಿನ ನರ ಎದ್ದು ಕಾಣುತ್ತಿತ್ತು, ಪೆನ್ನಿನ ಮೊನೆ ಅಲ್ಲಿಗೆ ಸರಿಯಾಗಿ ನಾಟುತ್ತದೆ ಅನ್ನಿಸಿತು, ಇಲ್ಲ, ಮ್ಯಾನೇಜರ್ ಕೆಲಸಕ್ಕೆ ಅಂದೆ. ಒಳಕೋಣೆಯಲ್ಲಿ ಮೇಜಿನ ಹಿಂದೆ ಮೂರು ಮಂದಿ, ನಡುವಿನವರು ನರೆಗೂದಲಿನ ಮುದುಕರು, ಮೊದಲ ದಿನ ಏನು ಮಾಡುತ್ತೀರಿ, ಹೇಳಿದೆ, ಕೆಲಸ ತಡವಾದರೆ, ಹೇಳಿದೆ, ಬಲಗಡೆಯವರು ಮೆಚ್ಚಿ ಏನೋ ಬರೆದುಕೊಂಡರು, ಮುದುಕರು ಪತ್ರವನ್ನು ಎತ್ತಿ ಹಿಡಿದರು, ಇದು ದೊಡ್ಡ ವಿಷಯ ಅಮ್ಮಾ, ಇದನ್ನ ನೀವೇ ಹೇಳಿ ಕೇಳೋಣ. ಉದ್ರಿಕ್ತ ಗುಂಪು ನುಗ್ಗಿತು ಸಾರ್, ನನ್ನ ತಂಡದ ಸದಸ್ಯೆಯೊಬ್ಬರ — ಸದಸ್ಯೆಯೊಬ್ಬರ, ಸದಸ್ಯೆಯೊಬ್ಬರ ಏನು, ನೀರು ಕೊಡಲೇ ಎಂದರು ಎಡಗಡೆಯವರು, ಬೇಡ ಸಾರ್, ಅವಳು ಏನೂ ಹೇಳಲಿಲ್ಲ, ಗ್ರಿಲ್ ಎಳೆಯೋಕೆ ಅವಳನ್ನ ಹೊರಗೆ ಕಳಿಸಿದ್ದು ನಾನು, ಅವಳು ವಾಪಸ್ ಓಡಿ ಬರೋದು ಕೇಳ್ತಾ ಕೇಳ್ತಾನೇ ಚಿಲಕ ಹಾಕಿದ್ದೂ ನಾನು, ಹೆಸರು ಅಂಜನಮ್ಮ, ಆ ಹಾಳೆ ಯಾತಕ್ಕೆ ಅಂತ ಅವಳಿಗೆ ಸುಳ್ಳು ಹೇಳಿದ್ದೆ, ಆಮೇಲೆ ಅವಳ ಗಂಡನನ್ನ ಪೊಲೀಸರಿಗೆ ತೋರಿಸಿದೆ, ತೋರಿಸಲ್ಲ ಅಂತ ಆಣೆ ಮಾಡಿ ತೋರಿಸಿದೆ. ಬಲಗಡೆಯವರು ನನ್ನ ಫೈಲು ಮುಚ್ಚಿದರು, ಮೆಲ್ಲಗೆ, ಸತ್ತವರ ಕಣ್ಣು ಮುಚ್ಚುವ ಹಾಗೆ, ಮುಗಿಯಿತು, ಕೆಲಸ ಹೋಯಿತು, ಎದ್ದು ಬಿಡಬಹುದು, ಜಿಯಾವುಲ್ಲಾಗೂ ಇಷ್ಟನ್ನೇ ಹೇಳಬೇಕು, ಸಂಜೆಯ ಮೊದಲೇ, ಮುದುಕರು ಮಾತ್ರ ಕಣ್ಣು ತೆಗೆದಿಲ್ಲ, ಒಂದು ಮಾತು ಅಮ್ಮಾ, ಅವರು ಬಾಗಿಲಿಗೆ ಬಂದ ಮೇಲೆ, ಆ ಜನ ಬರೋದರೊಳಗೆ, ತೆಗೆಯೋಕೆ ಸಮಯ ಇತ್ತಾ — ಇತ್ತು, ಇತ್ತು ಸಾರ್, ಮೇಡಂ ಎಂದು ಮೂರು ಸಲ ಕೂಗುವಷ್ಟು ಇತ್ತು, ನನ್ನೆಸ್ರು ಒತ್ತಿದ್ದು ನೀನೇನೇ ಎಂದು ಕೇಳುವಷ್ಟು, ಅವಳು ಸುಮ್ಮನೆ ನಿಲ್ಲುವಷ್ಟು ಇತ್ತು, ಗಾಜಿನ ಮೇಲೆ ಅಂಗೈ, ಬಿಳಿಚಿದ ಐದು ಬೆರಳು, ಐದೂ ಇವೆ, ಹೆಬ್ಬೆರಳ ಬುಡದಲ್ಲಿ ಕಾರ್ಡಿನ ಅಂಚು ಕೊಯ್ದ ಸಣ್ಣ ಗೀರು, ಹಿಂದೆ ರಾಡು ಮೇಲೆದ್ದಿದೆ, ಇನ್ನೂ ಇಳಿದಿಲ್ಲ, ಅಂಗೈ ಗಾಜಿನ ಮೇಲಿದೆ, ಐದೂ ಇವೆ, ಇನ್ನೂ ಇಳಿದಿಲ್ಲ, ಅಂಗೈ